ಸ್ವಂತ ಉದ್ಯಮದ ಚಿಂತೆಯಲ್ಲಿ ನಿದ್ದೆ ಬರುತ್ತಿಲ್ಲ, ನೌಕರಿಗೆ ಮರಳಲೇ?

ಪ್ರಶ್ನೆ: ಒಂಬತ್ತು ವರ್ಷ ಮಾಡಿದ ನೌಕರಿಯನ್ನು ನಾಲ್ಕು ವರ್ಷಗಳ ಹಿಂದೆ ಬಿಟ್ಟು, ಗಿರಾಕಿಗಳು ಹೇಳಿದ ಅಳತೆಗೆ ಮರದ ಪೀಠೋಪಕರಣ ಮಾಡಿಕೊಡುವ ಸ್ವಂತ ಘಟಕ ಆರಂಭಿಸಿದೆ. ಜೊತೆಗೆ ಒಬ್ಬ ಸಹಾಯಕರಿದ್ದಾರೆ. ವ್ಯವಹಾರ ಮುಳುಗಿಲ್ಲ, ವರ್ಷದ ಕೊನೆಗೆ ಸ್ವಲ್ಪ ಉಳಿಯುತ್ತದೆ. ಆದರೆ ಯಾರಾದರೂ ಆರ್ಡರ್ ರದ್ದು ಮಾಡಿದರೆ ನನ್ನನ್ನೇ ಬೇಡವೆಂದಂತೆ ಅನಿಸಿ ಎರಡು ಮೂರು ದಿನ ಕೈಕಾಲೇ ಆಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಬರಬೇಕಾದ ಬಾಕಿ ಮತ್ತು ಕೊಡಬೇಕಾದ ಹಣವನ್ನೇ ಲೆಕ್ಕ ಹಾಕುತ್ತಿರುತ್ತೇನೆ. ದರ ಇಳಿಸಿ ಎಂದವರಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಮನೆಯವರಿಗೆ ಹೇಳಿದರೆ ಗಾಬರಿಯಾಗುತ್ತಾರೆಂದು ಸುಮ್ಮನಿರುತ್ತೇನೆ. ಸ್ವಂತ ಉದ್ಯಮಕ್ಕೆ ಬೇಕಾದ ಗಟ್ಟಿ ಮನಸ್ಸು ನನಗಿಲ್ಲವೇ? ನೌಕರಿಗೆ ಮರಳುವುದೇ ಒಳ್ಳೆಯದೇ?
(ಹೆಸರು ಬೇಡವೆಂದು ಕೋರಿರುವ ಓದುಗರು)

ಉತ್ತರ: ನಿಮ್ಮ ಪತ್ರವನ್ನು ಮೂರು ಬಾರಿ ಓದಿದೆ. ಅದರಲ್ಲಿ ನನಗೆ ಕಂಡದ್ದು ಒಂದರೊಳಗೊಂದು ಸೇರಿಹೋಗಿರುವ ಎರಡು ಲೆಕ್ಕಗಳು: ಘಟಕದ ಲೆಕ್ಕ ಮತ್ತು ನಿಮ್ಮ ಲೆಕ್ಕ. ಹತ್ತಾರು ವರ್ಷ ಸ್ವಂತ ಉದ್ಯಮ ನಡೆಸಿದವರಿಗೆ ಭಯವೇ ಇರುವುದಿಲ್ಲ ಎಂಬ ನಂಬಿಕೆ ತಪ್ಪು. ಅವರಿಗೂ ಭಯವಿರುತ್ತದೆ; ಆದರೆ ವ್ಯವಹಾರಕ್ಕೆ ಬಿದ್ದ ಪೆಟ್ಟನ್ನು ತಮ್ಮ ಯೋಗ್ಯತೆಗೆ ಬಿದ್ದ ಪೆಟ್ಟೆಂದು ಭಾವಿಸದ ಅಭ್ಯಾಸವನ್ನು ಅವರು ಮಾಡಿಕೊಂಡಿರುತ್ತಾರೆ. ಅದು ಅಭ್ಯಾಸವಾದ್ದರಿಂದ ನೀವೂ ಕಲಿಯಬಹುದು.

ಪ್ರತಿ ಕೊಡುಕೊಳ್ಳುವಿಕೆಯನ್ನೂ ಎರಡು ಖಾತೆಗಳಲ್ಲಿ ಬರೆಯುವ ದ್ವಿನಮೂದು ಲೆಕ್ಕಪದ್ಧತಿಯನ್ನು ವಿವರಿಸುವ, ಇಟಲಿಯ ಗಣಿತಜ್ಞ ಲೂಕಾ ಪಚೋಲಿಯ ಗ್ರಂಥ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಆ ಪದ್ಧತಿಯಲ್ಲೇ ಇಂದಿಗೂ ಬರೆಯುವ ಲೆಕ್ಕದಲ್ಲಿ ಒಂದು ನಿಯಮವಿದೆ: ಮಾಲೀಕರು ಬೇರೆ, ವ್ಯವಹಾರ ಬೇರೆ. ಮಾಲೀಕರು ಹಾಕಿದ ಬಂಡವಾಳವನ್ನು ಸಹ ವ್ಯವಹಾರವು ಅವರಿಗೆ ಕೊಡಬೇಕಾದ ಬಾಬ್ತು ಎಂದೇ ಬರೆಯುತ್ತಾರೆ. ಸ್ವಂತ ಖರ್ಚಿಗೆ ತೆಗೆದುಕೊಂಡ ಹಣ ಡ್ರಾಯಿಂಗ್ಸ್ ಎಂಬ ಬೇರೆ ಖಾತೆಗೆ ಹೋಗುತ್ತದೆ. ಆದರೆ ಒಬ್ಬರೇ ಮಾಲೀಕರಾಗಿರುವ ಉದ್ಯಮದಲ್ಲಿ ಕಾನೂನು ಸಾಮಾನ್ಯವಾಗಿ ಈ ಗೋಡೆಯನ್ನು ಕಟ್ಟಿಕೊಡುವುದಿಲ್ಲ. ವ್ಯವಹಾರದ ಸಾಲ ಮಾಲೀಕರ ಸ್ವಂತ ಆಸ್ತಿಯವರೆಗೂ ಬರುತ್ತದೆ. ಆದ್ದರಿಂದ ನಿಮ್ಮಂಥವರಿಗೆ ಈ ಗೋಡೆ ಇರುವುದು ಪುಸ್ತಕದಲ್ಲಿ ಮತ್ತು ಮನಸ್ಸಿನಲ್ಲಿ ಮಾತ್ರ. ಅದನ್ನು ನೀವೇ ಕಟ್ಟಬೇಕು. ನನ್ನ ಅನುಭವದಲ್ಲಿ ಪುಸ್ತಕದಲ್ಲಿ ಕಟ್ಟದೆ ಮನಸ್ಸಿನಲ್ಲಿ ಕಟ್ಟಿದವರನ್ನು ಕಂಡಿಲ್ಲ.

ಹಾಗಾಗಿ ಮೊದಲ ಕೆಲಸ, ನಿಮಗೆ ನೀವೇ ತಿಂಗಳ ಸಂಬಳ ಗೊತ್ತುಮಾಡಿಕೊಳ್ಳುವುದು. ಕಳೆದ 24 ತಿಂಗಳ ಲೆಕ್ಕವನ್ನು ಮುಂದಿಟ್ಟುಕೊಂಡು, ಸರಾಸರಿಯನ್ನು ಬಿಟ್ಟು, ಕೆಲಸ ತೀರಾ ಕಡಿಮೆಯಿದ್ದ ತಿಂಗಳುಗಳಲ್ಲೂ ಘಟಕ ತಡೆದುಕೊಳ್ಳಬಲ್ಲ ಮೊತ್ತವನ್ನು ಆರಿಸಿಕೊಳ್ಳಿ. ಅದು ನಿಗದಿತ ದಿನ ಘಟಕದ ಖಾತೆಯಿಂದ ನಿಮ್ಮ ಖಾತೆಗೆ ಬರಲಿ. ಹೆಚ್ಚು ದುಡಿದ ತಿಂಗಳಲ್ಲೂ ಅಷ್ಟೇ ಬರಲಿ, ಉಳಿದದ್ದು ಘಟಕದಲ್ಲೇ ನಿಲ್ಲಲಿ. ಆ ಮೊತ್ತ ಮನೆಯ ಖರ್ಚಿಗೆ ಸಾಲದಿದ್ದರೆ ಅದು ಈಗಲೇ ಗೊತ್ತಾಗುವುದು ಒಳ್ಳೆಯದು. ಮನೆಖರ್ಚು ನೇರವಾಗಿ ಗಲ್ಲಾಪೆಟ್ಟಿಗೆಯಿಂದ ನಡೆಯುತ್ತಿರುವಷ್ಟು ಕಾಲ, ಎದುರಿಗೆ ಬಂದ ಪ್ರತಿಯೊಬ್ಬ ಗಿರಾಕಿಯೂ ಆ ತಿಂಗಳ ಹೊಟ್ಟೆಪಾಡಾಗಿಯೇ ಕಾಣುತ್ತಾರೆ. ಹಾಗೆ ಕಾಣುವವರಿಗೆ ಇಲ್ಲವೆನ್ನಲು ಯಾರಿಗೂ ಬಾಯಿ ಬಾರದು.

ದರದ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಒಂದು ಕಪಾಟಿನ ದರ 100 ಪಾಲು, ಅದರಲ್ಲಿ ಮರ, ಪಾಲಿಶ್, ಸಹಾಯಕರ ಕೂಲಿ, ಬಾಡಿಗೆ ಎಲ್ಲ ಸೇರಿ 80 ಪಾಲು ಖರ್ಚು ಎಂದಿಟ್ಟುಕೊಳ್ಳಿ. ಗಿರಾಕಿ ಕೇಳಿದರೆಂದು 10 ಪಾಲು ಬಿಟ್ಟರೆ, ಕೇಳುವುದಕ್ಕೆ ಅದು ಹತ್ತರಲ್ಲೊಂದು ಭಾಗ. ನಿಮ್ಮ ಲಾಭದಲ್ಲಿ ಅದು ಅರ್ಧ. ಅಷ್ಟೇ ಲಾಭ ಕಾಣಬೇಕಾದರೆ ಇನ್ನೊಂದು ಕಪಾಟು ಮಾಡಬೇಕು. ಆ 80ರಲ್ಲಿ ನಿಮ್ಮ ಸ್ವಂತ ಗಂಟೆಗಳ ಕೂಲಿ ಸೇರಿಲ್ಲವಾದರೆ (ಬಹಳ ಮಂದಿ ಸೇರಿಸುವುದಿಲ್ಲ) ನೀವು ಬಿಟ್ಟುಕೊಟ್ಟಿರುವುದು ನಿಮ್ಮ ಸಂಬಳವನ್ನೇ. ದರ ಇಳಿಸಲೇಬೇಕಾದರೆ ಕೆಲಸವನ್ನೂ ಇಳಿಸಿ: ಎರಡು ಖಾನೆ ಕಡಿಮೆ, ಸಾಧಾರಣ ಪಾಲಿಶ್, ಅಥವಾ ಹೆಚ್ಚು ಮುಂಗಡ. "ಈ ದರಕ್ಕೆ ಇಷ್ಟು ಮಾಡಿಕೊಡಬಲ್ಲೆ" ಎಂಬ ಮಾತು ನಿಮ್ಮ ನಾಲಿಗೆಗೆ "ಆಗುವುದಿಲ್ಲ" ಎನ್ನುವುದಕ್ಕಿಂತ ಸುಲಭವಾಗಿ ಬರುತ್ತದೆ.

ಇನ್ನು ರದ್ದಾದ ಆರ್ಡರಿನ ನೋವು. ಅದು ನಿಮ್ಮೊಬ್ಬರದ್ದಲ್ಲ. ಡೇನಿಯಲ್ ಕಾನ್ಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಮಂಡಿಸಿದ ಸಿದ್ಧಾಂತದ ಒಂದು ಮುಖ್ಯ ಅಂಶವೆಂದರೆ, ಒಂದೇ ಮೊತ್ತವು ಬಂದಾಗ ಆಗುವ ಸಂತೋಷಕ್ಕಿಂತ ಹೋದಾಗ ಆಗುವ ದುಃಖ ಹೆಚ್ಚು ತೂಗುತ್ತದೆ. ಮೂರು ಹೊಸ ಆರ್ಡರು ಬಂದ ವಾರದಲ್ಲೂ ರದ್ದಾದ ಒಂದೇ ಮನಸ್ಸಿನಲ್ಲಿ ಕೂರುವುದು ಇದರಿಂದಲೇ.

ನಾನು ಹನ್ನೊಂದು ವರ್ಷ ಪುಸ್ತಕ ಬೈಂಡಿಂಗ್ ಘಟಕ ನಡೆಸಿದ್ದೇನೆ. ವರ್ಷಗಳಿಂದ ಕೆಲಸ ಕೊಡುತ್ತಿದ್ದ ಸಂಸ್ಥೆಯೊಂದು ಒಂದು ದಿನ ಎರಡು ಸಾಲಿನ ಸಂದೇಶದಲ್ಲಿ "ಇನ್ನು ಮುಂದೆ ಬೇಡ" ಎಂದಿತು. ಅವರಿಗಾಗಿ ಕತ್ತರಿಸಿಟ್ಟ ರಟ್ಟುಗಳ ರಾಶಿ ಮೇಜಿನ ಮೇಲಿತ್ತು. ಕುಂಚದಲ್ಲಿದ್ದ ಅಂಟು ಒಣಗಿ ಕೂದಲು ಕಡ್ಡಿಯಾಗುವವರೆಗೂ ಅದನ್ನು ಹಿಡಿದು ಕುಳಿತಿದ್ದೆ. ನನ್ನ ಹೊಲಿಗೆ ಸಡಿಲವಾಯಿತೇ, ಪುಸ್ತಕದ ಬೆನ್ನು ಸರಿಯಾಗಿ ಕೂರಲಿಲ್ಲವೇ ಎಂದು ಹಳೆಯ ಪ್ರತಿಗಳನ್ನೆಲ್ಲ ತೆಗೆದು ನೋಡಿದೆ. ಅವರು ಆ ವರ್ಷ ಮುದ್ರಣವನ್ನೇ ನಿಲ್ಲಿಸಿದ್ದರೆಂದು ತಿಳಿದದ್ದು ಐದು ತಿಂಗಳ ನಂತರ. ಅಂದಿನಿಂದ ಒಂದು ಪುಸ್ತಕ ಇಟ್ಟೆ. ಕೆಲಸ ಕೈತಪ್ಪಿದಾಗಲೆಲ್ಲ ಎರಡು ಕಲಂ ಬರೆಯುತ್ತಿದ್ದೆ: ಎಡಕ್ಕೆ ಗಿರಾಕಿ ಹೇಳಿದ ಮಾತು ಇದ್ದಂತೆಯೇ, ಬಲಕ್ಕೆ ನಾನು ಊಹಿಸಿಕೊಂಡದ್ದು. ಕೆಲವು ತಿಂಗಳಾದ ಮೇಲೆ ಹಿಂದಿರುಗಿ ಓದಿದರೆ, ಬಲದ ಕಲಂ ತುಂಬ ನನ್ನ ಮೇಲೆ ನಾನೇ ಹೊರಿಸಿಕೊಂಡ ಆರೋಪಗಳಿದ್ದವು. ಎಡಗಡೆ ನಿಜವಾದ ದೂರು ಇದ್ದಲ್ಲಿ ಕೆಲಸವನ್ನು ತಿದ್ದಿಕೊಂಡೆ. ನೀವೂ ಹೀಗೆ ಬರೆಯಿರಿ. ಜೊತೆಗೆ, ಒಟ್ಟು ಆದಾಯದಲ್ಲಿ ಯಾವ ಗಿರಾಕಿಯ ಪಾಲು ಎಷ್ಟೆಂದು ವರ್ಷಕ್ಕೊಮ್ಮೆ ನೋಡಿ. ಮೂರನೇ ಒಂದು ಭಾಗ ಒಬ್ಬರಿಂದಲೇ ಬರುತ್ತಿದ್ದರೆ ನಿಮ್ಮ ಭಯಕ್ಕೆ ಆಧಾರವಿದೆ, ಹೊಸಬರನ್ನು ಹುಡುಕಬೇಕು.

ರಾತ್ರಿಯ ಎಚ್ಚರಕ್ಕೆ ಬರುತ್ತೇನೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ಸಂಗಡಿಗರು 57 ಯುವಜನರ ಮೇಲೆ ನಡೆಸಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಮಲಗುವ ಮುನ್ನ ಐದು ನಿಮಿಷ, ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ನಿರ್ದಿಷ್ಟವಾಗಿತ್ತೋ ಅಷ್ಟು ಬೇಗ ನಿದ್ದೆ ಬಂದಿತ್ತು. ಆ ಫಲಿತಾಂಶ ನಿದ್ದೆ ಹತ್ತುವ ವೇಗದ್ದು, ನಡುರಾತ್ರಿಯ ಎಚ್ಚರದ್ದಲ್ಲ. ಆದರೂ ತಲೆಯಲ್ಲಿ ಸುತ್ತುವುದನ್ನು ಕಾಗದಕ್ಕಿಳಿಸುವ ಕ್ರಮ ನಿಮಗೂ ನೆರವಾಗುತ್ತದೆಂದು ನಾನು ನಂಬುತ್ತೇನೆ. ನೀವು ಕತ್ತಲಲ್ಲಿ ಹಾಕುವ ಲೆಕ್ಕವನ್ನೇ ವಾರಕ್ಕೊಮ್ಮೆ ಹಗಲಲ್ಲಿ ಹಾಕಿ. ಮುಂದಿನ 13 ವಾರಗಳಿಗೆ, ಅಂದರೆ ವರ್ಷದ ಕಾಲುಭಾಗಕ್ಕೆ, ಯಾವ ವಾರ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಹೋಗಬೇಕು, ಕೊನೆಗೆ ಕೈಯಲ್ಲಿ ಎಷ್ಟಿರುತ್ತದೆ ಎಂಬ ಪಟ್ಟಿ ಮಾಡಿ. ಏಳನೇ ವಾರ ಹಣ ಸಾಲದು ಎಂದು ಇವತ್ತೇ ಗೊತ್ತಾದರೆ ಬಾಕಿ ವಸೂಲಿಗೆ ಆರು ವಾರವಿರುತ್ತದೆ.

ಮನೆಯವರಿಂದ ಮುಚ್ಚಿಡುವುದನ್ನು ದಯವಿಟ್ಟು ನಿಲ್ಲಿಸಿ. ನಿಮ್ಮ ಮುಖ ನೋಡಿಯೇ ಅವರಿಗೆ ಅರ್ಧ ತಿಳಿದಿರುತ್ತದೆ, ಉಳಿದರ್ಧವನ್ನು ಅವರು ಇನ್ನೂ ಕೆಟ್ಟದಾಗಿ ಊಹಿಸಿಕೊಳ್ಳುತ್ತಾರೆ. ದಿನದಿನದ ಏರಿಳಿತ ಹೇಳಬೇಕಾಗಿಲ್ಲ. ತಿಂಗಳಿಗೊಮ್ಮೆ ಆ 13 ವಾರಗಳ ಹಾಳೆಯನ್ನು ಅವರ ಮುಂದಿಡಿ. ನಿಮ್ಮದೇ ಕಸುಬಿನಲ್ಲಿರುವ, ಆದರೆ ನಿಮ್ಮ ಗಿರಾಕಿಗಳಿಗಾಗಿ ನಿಮ್ಮೊಡನೆ ಪೈಪೋಟಿ ನಡೆಸದ ಒಬ್ಬರೊಡನೆ ಮಾತುಕತೆ ಇಟ್ಟುಕೊಳ್ಳಿ.

ದಣಿವಿನ ಬಗ್ಗೆ ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ ಎಂಬ ಸ್ಥಿತಿಯನ್ನು, ನಿಭಾಯಿಸಲಾಗದೆ ಬಹುಕಾಲ ಉಳಿದ ಕೆಲಸದ ಒತ್ತಡದಿಂದ ಬರುವಂಥದ್ದು ಎಂದು ವಿವರಿಸಿ ಮೂರು ಲಕ್ಷಣ ಹೇಳಿದೆ: ಶಕ್ತಿ ಉಡುಗಿದ ಭಾವ, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ಅದನ್ನು ರೋಗವೆಂದು ವರ್ಗೀಕರಿಸಿಲ್ಲ. ಆದರೆ ದಿನದ ಬಹುಪಾಲು ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಬಿಡದೆ ಇದ್ದರೆ, ಅಥವಾ ಬದುಕೇ ಬೇಡವೆಂಬ ಯೋಚನೆ ಒಮ್ಮೆ ಸುಳಿದರೂ, ಲೆಕ್ಕದ ಪುಸ್ತಕ ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣಿ.

ನೌಕರಿಗೆ ಮರಳುವ ಪ್ರಶ್ನೆಯನ್ನು ರಾತ್ರಿ ಎರಡು ಗಂಟೆಗೆ ತೀರ್ಮಾನಿಸಬೇಡಿ. ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆಂದು ಅಧ್ಯಯನ ಮಾಡಿದ ಸರಸ್ ಸರಸ್ವತಿ 2001ರಲ್ಲಿ ಮಂಡಿಸಿದ ವಿಚಾರವೊಂದು ಇಲ್ಲಿ ಉಪಯುಕ್ತ: ಎಷ್ಟು ಲಾಭ ಬರಬಹುದೆಂದು ಊಹಿಸುವ ಬದಲು, ಎಷ್ಟು ಕಳೆದುಕೊಂಡರೆ ತಾಳಿಕೊಳ್ಳಬಲ್ಲೆ ಎಂಬುದನ್ನು ಅವರು ಮೊದಲು ಗೊತ್ತುಮಾಡಿಕೊಳ್ಳುತ್ತಾರೆ. ಕೆಲಸ ಚೆನ್ನಾಗಿ ನಡೆದ ಒಂದು ದಿನ ಮನೆಯವರೊಡನೆ ಕುಳಿತು ಹಾಳೆಯೊಂದರಲ್ಲಿ ಬರೆದಿಡಿ: ಉಳಿತಾಯ ಎಷ್ಟಕ್ಕೆ ಇಳಿದರೆ ಮತ್ತೆ ಕೈಯಿಂದ ಹಾಕುವುದಿಲ್ಲ, ಸಂಬಳ ಎಷ್ಟು ತಿಂಗಳು ಬಾರದಿದ್ದರೆ ನೌಕರಿ ಹುಡುಕುತ್ತೇನೆ, ಆರೋಗ್ಯ ಯಾವ ಹಂತಕ್ಕೆ ಬಂದರೆ ನಿಲ್ಲಿಸುತ್ತೇನೆ. ಆ ಗೆರೆ ದಾಟುವವರೆಗೆ ಈ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳಬೇಕಾಗಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಅದನ್ನು ಇನ್ನೂ ದಾಟಿದಂತಿಲ್ಲ. ಅದೇ ಹಾಳೆಯಲ್ಲಿ ನಿಮ್ಮ ಸಹಾಯಕರ ಬಗ್ಗೆಯೂ ಒಂದು ಸಾಲಿರಲಿ: ಘಟಕ ಮುಚ್ಚುವ ಸಂದರ್ಭ ಬಂದರೆ ಅವರಿಗೆ ಎಷ್ಟು ತಿಂಗಳು ಮೊದಲೇ ತಿಳಿಸುತ್ತೀರಿ, ಅಷ್ಟು ತಿಂಗಳ ಕೂಲಿಯನ್ನು ಎಲ್ಲಿ ತೆಗೆದಿರಿಸಿದ್ದೀರಿ.