ಅನ್ನ ಬಿಡಬೇಕಾ, ಅನ್ನದ ಲೆಕ್ಕ ಹಿಡಿಯಬೇಕಾ?

ಪ್ರಶ್ನೆ: ನಮಸ್ಕಾರ ಅಕ್ಕಾ. ನನಗೆ 44 ವರ್ಷ, ಕಾಸರಗೋಡಿನ ಪೆರ್ಲ ಕಡೆಯವಳು, ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಟೀಚರ್. ಎತ್ತರ 5 ಅಡಿ 2 ಇಂಚು, ತೂಕ 74 ಕಿಲೋ ಇತ್ತು. ಜೊತೆಯ ಟೀಚರ್ ಒಬ್ಬರು ಕಾರ್ಬ್ (ಅಕ್ಕಿ, ಗೋಧಿಯಲ್ಲಿರುವ ಪಿಷ್ಟ ಮತ್ತು ಸಕ್ಕರೆ) ಬಿಟ್ಟು 9 ಕಿಲೋ ಇಳಿಸಿದರು ಅಂತ ನಾನೂ ಅನ್ನ, ದೋಸೆ, ಗಂಜಿ ಎಲ್ಲ ಒಟ್ಟಿಗೆ ನಿಲ್ಲಿಸಿದೆ. ಹತ್ತು ದಿನದಲ್ಲಿ 3 ಕಿಲೋ ಇಳಿಯಿತು. ಆಮೇಲೆ ಒಂದು ತಿಂಗಳು ಮುಳ್ಳು ಅಲ್ಲಾಡಲಿಲ್ಲ. ಹಸಿವಾದಾಗ ಗೇರುಬೀಜ, ಪನೀರ್, ತೆಂಗಿನಕಾಯಿ ಹೋಳು ತಿನ್ನುತ್ತಿದ್ದೆ. ಮಲಬದ್ಧತೆ, ತಲೆನೋವು, ಮಕ್ಕಳ ಮೇಲೆ ಸುಮ್ನೆ ಸಿಟ್ಟು. ಮೊನ್ನೆ ನೆಂಟರ ಮನೆಯ ಉಪನಯನದಲ್ಲಿ ಹೋಳಿಗೆ, ಪಾಯಸ ತಿಂದೆ, ಎರಡೇ ದಿನದಲ್ಲಿ 2 ಕಿಲೋ ವಾಪಸು ಬಂತು. ಅತ್ತು ಬಿಟ್ಟೆ. ನಮ್ಮದು ಸಸ್ಯಾಹಾರ. ಶುಗರ್ ಇಲ್ಲ, ಥೈರಾಯ್ಡ್ ನಾರ್ಮಲ್. ಮೊದಲು ಬೆಳಗ್ಗೆ ಐದು ನೀರುದೋಸೆ, ಮಧ್ಯಾಹ್ನ ಅನ್ನ, ಸಂಜೆ ಚಹಾ ಜೊತೆ ಅವಲಕ್ಕಿ, ರಾತ್ರಿ ಗಂಜಿ ಇತ್ತು. ದಿನಕ್ಕೆ ನಾಲ್ಕು ಚಹಾ. ಕಾರ್ಬ್ ಕಡಿಮೆ ಮಾಡಬೇಕಾ ಬೇಡವಾ, ಒಂದು ಮಾತಲ್ಲಿ ಹೇಳಿ.

ಉತ್ತರ: ಟೀಚರೇ, ಒಂದು ಮಾತಲ್ಲಿ ಅಂದರೆ, ಕಡಿಮೆ ಮಾಡಿ, ಬಿಡಬೇಡಿ. ಆದರೆ ಯಾಕೆ ಅಂತ ಗೊತ್ತಾಗದಿದ್ದರೆ ಮುಂದಿನ ತಿಂಗಳು ಇನ್ಯಾರೋ ಇನ್ನೊಂದು ಹೇಳುತ್ತಾರೆ, ನೀವು ಅದನ್ನೂ ಮಾಡುತ್ತೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ 3 ಕಿಲೋ ವಿಷಯ. ನಮ್ಮ ದೇಹ ಸ್ವಲ್ಪ ಸಕ್ಕರೆಯನ್ನು ಗ್ಲೈಕೋಜೆನ್ ಅನ್ನುವ ರೂಪದಲ್ಲಿ ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟಿರುತ್ತದೆ. ಒಟ್ಟು ಸುಮಾರು 400-500 ಗ್ರಾಂ. ಪ್ರತಿ ಗ್ರಾಂ ಜೊತೆ 3 ಗ್ರಾಂನಷ್ಟು ನೀರೂ ಇರುತ್ತದೆ. ಅನ್ನ ನಿಲ್ಲಿಸಿದ ಕೂಡಲೇ ದೇಹ ಮೊದಲು ಖರ್ಚು ಮಾಡುವುದು ಅದನ್ನೇ. ಅದು ಖಾಲಿಯಾದಾಗ ನೀರೂ ಹೋಗುತ್ತದೆ, ಜೊತೆಗೆ ಮೂತ್ರದಲ್ಲಿ ಉಪ್ಪೂ ಜಾಸ್ತಿ ಹೋಗುತ್ತದೆ. ನಿಮ್ಮ ತಲೆನೋವಿಗೆ ಮುಖ್ಯ ಕಾರಣ ಇದೇ ಇರಬೇಕು. ಅಂದರೆ ಇಳಿದ 3 ಕಿಲೋದಲ್ಲಿ ಹೆಚ್ಚಿನದ್ದು ನೀರು. ಉಪನಯನದ ಊಟದ ನಂತರ ವಾಪಸು ಬಂದ 2 ಕಿಲೋ ಕೂಡ ಅದೇ ನೀರು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಎರಡು ದಿನದಲ್ಲಿ 2 ಕಿಲೋ ಕೊಬ್ಬು ಬರಬೇಕಾದರೆ ನೀವು ಮಾಮೂಲಿ ಊಟದ ಮೇಲೆ 15,000 ಕ್ಯಾಲೊರಿ ತಿನ್ನಬೇಕಿತ್ತು. ಎಷ್ಟು ಹೋಳಿಗೆ ಬಡಿಸಿದರೂ ಅದು ಆಗದ ಮಾತು. ಅಳುವಂಥದ್ದು ಏನೂ ಆಗಿಲ್ಲ, ನಿಜವಾಗಿಯೂ ಹೇಳುತ್ತಿದ್ದೇನೆ.

ಮತ್ತೆ ಆ ಒಂದು ತಿಂಗಳು ಯಾಕೆ ಇಳಿಯಲಿಲ್ಲ? ಉತ್ತರ ನಿಮ್ಮ ಕಾಗದದಲ್ಲೇ ಇದೆ. ಗೇರುಬೀಜ ಒಂದು ಹಿಡಿ, 30 ಗ್ರಾಂ ಅಂದುಕೊಳ್ಳಿ, ಸುಮಾರು 170 ಕ್ಯಾಲೊರಿ. ಶಾಲೆಯಲ್ಲಿ ಒಂದು ಹಿಡಿ, ಮನೆಗೆ ಬಂದು ಒಂದು ಹಿಡಿ ಅಂದರೆ 340. ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ. ಲೆಕ್ಕ ಹಾಕಿ, ಎರಡು ಹಿಡಿ ಗೇರುಬೀಜ ಅಂದರೆ ಕಾಲು ಕಿಲೋಗಿಂತ ಜಾಸ್ತಿ ಅನ್ನ. ತೆಂಗಿನಕಾಯಿಯದ್ದೂ ಅದೇ ಕತೆ, 100 ಗ್ರಾಂ ತುರಿಗೆ 350ರ ಹತ್ತಿರ. ಕಾರ್ಬ್ ಒಂದು ಗ್ರಾಂಗೆ 4 ಕ್ಯಾಲೊರಿ, ಕೊಬ್ಬು ಒಂದು ಗ್ರಾಂಗೆ 9. ಅನ್ನ ತೆಗೆದ ಜಾಗಕ್ಕೆ ನೀವು ಎಣ್ಣೆಕಾಳು ಮತ್ತು ಕಾಯಿ ತುಂಬಿಸಿದ್ದೀರಿ, ಅಷ್ಟೇ. ಗೇರುಬೀಜ ಕೆಟ್ಟದ್ದಲ್ಲ, ಕಾಯಿಯೂ ಕೆಟ್ಟದ್ದಲ್ಲ. ಆದರೆ ಅದನ್ನು ಲೆಕ್ಕವಿಲ್ಲದೆ ತಿನ್ನಬಹುದು ಅಂತ ಯಾರೋ ಹೇಳಿದ್ದನ್ನು ನಂಬಿದ್ದೀರಿ. ಮಲಬದ್ಧತೆಗೆ ಕಾರಣ, ನಾರು ಕಮ್ಮಿಯಾದದ್ದು ಮತ್ತು ನೀರು ಸಾಲದ್ದು.

ಕಾರ್ಬ್ ಕಮ್ಮಿ ಮಾಡಿದರೆ ತೂಕ ಇಳಿಯುವುದೇ ಇಲ್ಲವಾ? ಇಳಿಯುತ್ತದೆ. ಆದರೆ ಕೊಬ್ಬು ಕಮ್ಮಿ ಮಾಡಿದರೂ ಇಳಿಯುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ಮತ್ತು ಅವರ ತಂಡ 609 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಾರ್ಬ್ ಕಡಿಮೆ, ಇನ್ನೊಂದಕ್ಕೆ ಕೊಬ್ಬು ಕಡಿಮೆ ಊಟ ಹೇಳಿ, ಒಂದು ವರ್ಷ ನೋಡಿತು. ಫಲಿತಾಂಶ ಬಂದದ್ದು 2018ರಲ್ಲಿ. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ ಇಳಿದಿದ್ದರು, ಕಾರ್ಬ್ ಕಡಿಮೆ ಮಾಡಿದವರು 6 ಕಿಲೋ. ದೊಡ್ಡ ವ್ಯತ್ಯಾಸವೇ ಅಲ್ಲ. ಇದರಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಬೇರೆ ಎರಡು ಸಂಗತಿ. ಎರಡೂ ಗುಂಪಿಗೆ ಸಕ್ಕರೆ ಮತ್ತು ಮೈದಾ ಬಿಡಿ, ತರಕಾರಿ ಜಾಸ್ತಿ ತಿನ್ನಿ ಅಂತ ಹೇಳಿದ್ದರು. ಮತ್ತೆ, ಪ್ರತಿ ಗುಂಪಿನಲ್ಲೂ ಕೆಲವರು ಇಪ್ಪತ್ತು ಕಿಲೋಗಿಂತ ಜಾಸ್ತಿ ಇಳಿದಿದ್ದರು, ಕೆಲವರ ತೂಕ ಏರಿಯೂ ಇತ್ತು. ನಿಮ್ಮ ಜೊತೆಯ ಟೀಚರಿಗೆ 9 ಕಿಲೋ ಇಳಿದದ್ದು ಸುಳ್ಳಲ್ಲ. ಅದು ಅವರ ದೇಹ, ಅವರ ಅಡುಗೆಮನೆ, ಅವರ ಅಭ್ಯಾಸ.

ಹಾಗಾದರೆ ಏನು ತಿಂದರೂ ಒಂದೇ ಅಂತ ಅಂದುಕೊಳ್ಳಬೇಡಿ. ನಮ್ಮವರಿಗೆ ಕಾರ್ಬ್ ಜಾಸ್ತಿಯಾಗಿದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಐಸಿಎಂಆರ್-ಇಂಡಿಯಾಬ್ ಅನ್ನುವ, ದೇಶದಾದ್ಯಂತ ನಡೆದ ಸಕ್ಕರೆ ಕಾಯಿಲೆಯ ಸಮೀಕ್ಷೆಯ ಪ್ರಕಾರ ಭಾರತೀಯರ ಊಟದ ಕ್ಯಾಲೊರಿಯಲ್ಲಿ 62 ಶೇಕಡ ಬರುವುದು ಕಾರ್ಬ್‌ನಿಂದ, ಪ್ರೋಟೀನ್‌ನಿಂದ ಬರುವುದು 12 ಶೇಕಡ ಮಾತ್ರ. 2025ರಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಇನ್ನೊಂದು ಮಾತಿದೆ, ನಮ್ಮ ಊರಿನವರು ಗಮನಿಸಬೇಕಾದದ್ದು. ಅಕ್ಕಿ ಬಿಟ್ಟು ಗೋಧಿ ಅಥವಾ ಸಿರಿಧಾನ್ಯ ಹಿಡಿದರೆ ಸಾಲದು, ಒಟ್ಟು ಕಾರ್ಬ್ ಕಮ್ಮಿಯಾಗದಿದ್ದರೆ ಸಕ್ಕರೆ ಕಾಯಿಲೆಯ ಅಪಾಯ ಕಮ್ಮಿಯಾಗುವುದಿಲ್ಲ. ಕಾರ್ಬ್‌ನ ಸ್ವಲ್ಪ ಪಾಲನ್ನು ಬೇಳೆಕಾಳು, ಹಾಲು-ಮೊಸರು, ಮೊಟ್ಟೆ, ಮೀನಿಗೆ ಬಿಟ್ಟುಕೊಟ್ಟಾಗ ಕಮ್ಮಿಯಾಗುತ್ತದೆ.

ನಮ್ಮ ಕಡೆ ಕುಚ್ಚಿಲಕ್ಕಿ ತಿಂದರೆ ದಪ್ಪ ಆಗುವುದಿಲ್ಲ ಅಂತ ಒಂದು ನಂಬಿಕೆ ಇದೆ ಅಲ್ವಾ? ಭತ್ತ ಬೇಯಿಸಿ ಒಣಗಿಸುವಾಗ ಬಿ ವಿಟಮಿನ್ ಒಳಗಿನ ಕಾಳಿಗೆ ಇಳಿಯುತ್ತದೆ, ಬೆಳ್ತಿಗೆ (ಬಿಳಿ) ಅಕ್ಕಿಗಿಂತ ನಿಧಾನ ಜೀರ್ಣವಾಗುತ್ತದೆ, ಅದೆಲ್ಲ ನಿಜ. ಕ್ಯಾಲೊರಿ ಮಾತ್ರ ಹೆಚ್ಚುಕಮ್ಮಿ ಅಷ್ಟೇ. ಮತ್ತೆ ನಿಮ್ಮ ದಿನವನ್ನೇ ನೋಡಿ. ಬೆಳಗ್ಗೆ ಅಕ್ಕಿ ದೋಸೆಯಾಗಿ ಬಂತು, ಮಧ್ಯಾಹ್ನ ಅನ್ನವಾಗಿ, ಸಂಜೆ ಅವಲಕ್ಕಿಯಾಗಿ, ರಾತ್ರಿ ಗಂಜಿಯಾಗಿ. ಹೆಸರು ನಾಲ್ಕು, ಅಕ್ಕಿ ಒಂದೇ.

ನನ್ನ ಅಪ್ಪ ಬದಿಯಡ್ಕದ ಹತ್ತಿರ ಅಡಕೆ ತೋಟದಲ್ಲಿ ಇದನ್ನೇ ತಿಂದು ಬದುಕಿದವರು. ಮೂರು ಹೊತ್ತೂ ಅಕ್ಕಿ. ಮೈಯಲ್ಲಿ ಒಂದು ಚೂರು ಬೊಜ್ಜು ಇರಲಿಲ್ಲ. ಆದರೆ ಅವರು ಬೇಸಿಗೆಯಲ್ಲಿ ಕಣಿಗೆ (ತೋಟದ ನೀರಿನ ಕಾಲುವೆಗೆ) ಇಳಿದು ಅಡಕೆ ಹಾಳೆಯಿಂದ ನೀರು ಎರಚಿ ಮರಗಳಿಗೆ ಹಾಕುತ್ತಿದ್ದರು, ಗುಡ್ಡೆಯಿಂದ ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದರು. ಈಗ ಅದೇ ತೋಟಕ್ಕೆ ಸ್ಪ್ರಿಂಕ್ಲರ್ ಬಂದಿದೆ, ಅಣ್ಣ ಸ್ವಿಚ್ ಹಾಕಿ ಬರುತ್ತಾನೆ. ಮನೆಯ ಬಟ್ಟಲು ಮಾತ್ರ ಅಪ್ಪನ ಕಾಲದ್ದೇ. ಮನೆಯ ಹಿರಿಯರಿಗೆ ಈ ಮಾತು ಹೇಳಿ ನೋಡಿ, ಅವರಿಗೆ ಬೇಗ ಅರ್ಥ ಆಗುತ್ತದೆ.

ಈಗ ಮಾಡುವುದು ಏನು? ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ನಾನು ತಂದ ದಿನ, ದಿನಾ ಉಣ್ಣುವಷ್ಟೇ ಅನ್ನ ಬಡಿಸಿ ಬಟ್ಟಲನ್ನು ಅದರ ಮೇಲಿಟ್ಟೆ. ಬಟ್ಟಲಿನ ತೂಕ ಕಳೆದು 410 ಗ್ರಾಂ! ನಾನು 200 ಇರಬಹುದು ಅಂದುಕೊಂಡಿದ್ದೆ. ಎರಡು ಕೈಲು (ಸೌಟು) ಅಂತ ಲೆಕ್ಕ ಇಟ್ಟಿದ್ದೆ, ಆದರೆ ಪ್ರತಿ ಕೈಲೂ ಗೋಪುರ. ಅವತ್ತಿನಿಂದ ಮಟ್ಟ ಮಾಡಿದ ಒಂದು ಕೈಲು, ಮತ್ತೆ ಅರ್ಧ. ಸುಮಾರು 200 ಗ್ರಾಂ. ಒಂದು ಹೊತ್ತಿಗೇ 270 ಕ್ಯಾಲೊರಿ ಕಮ್ಮಿಯಾಯಿತು. ಅನ್ನ ಬಿಟ್ಟ ಹಾಗೆ ಅನಿಸಲೇ ಇಲ್ಲ, ಯಾಕೆಂದರೆ ಖಾಲಿಯಾದ ಜಾಗಕ್ಕೆ ಹರಿವೆ ಪಲ್ಯ, ತೊಂಡೆಕಾಯಿ, ಬಾಳೆದಿಂಡು ಜಾಸ್ತಿ ಬಂತು, ಜೊತೆಗೆ ಒಂದು ಬಟ್ಟಲು ಕಾಳು.

ಕಾಳಿನ ವಿಷಯ ನಿಮಗೆ ಒತ್ತಿ ಹೇಳುತ್ತೇನೆ, ಸಸ್ಯಾಹಾರಿ ಅಂದಿರಿ. ನಿಮ್ಮ ತೂಕಕ್ಕೆ ದಿನಕ್ಕೆ ಸುಮಾರು 60 ಗ್ರಾಂ ಪ್ರೋಟೀನ್ ಬೇಕು. ತೆಳ್ಳಗಿನ ಸಾರು ಮತ್ತು ಮಜ್ಜಿಗೆ ನೀರಿನಿಂದ ಅದು ಬರುವುದಿಲ್ಲ. ಹುರುಳಿ, ಹೆಸರುಕಾಳು ಒಣಗಿದ್ದು 100 ಗ್ರಾಂನಲ್ಲಿ 22 ಗ್ರಾಂ ಆಸುಪಾಸು ಪ್ರೋಟೀನ್ ಇರುತ್ತದೆ. ಮೊಳಕೆ ಬರಿಸಿದ ಹೆಸರುಕಾಳು, ಹುರುಳಿ ಬಸಳೆ ಹಾಕಿದ ಕೊದ್ದೆಲು, ಕಡಲೆ ಪಲ್ಯ, ಗಟ್ಟಿ ಮೊಸರು, ಇವು ಪ್ರತಿ ಹೊತ್ತಿನಲ್ಲೂ ಒಂದಾದರೂ ಇರಲಿ. ಪನೀರ್ ಬೇಕಾದರೆ ತಿನ್ನಿ, ಅಳತೆಯಲ್ಲಿ. ಬೆಳಗ್ಗೆ ಐದರ ಬದಲು ಮೂರು ನೀರುದೋಸೆ, ಬೆಲ್ಲ-ಕಾಯಿ ಬದಲು ಕಡಲೆ ಗಸಿ, ಅದರಲ್ಲಿ ಕಾಯಿ ಸ್ವಲ್ಪವೇ. ರಾತ್ರಿ ಗಂಜಿ ಇರಲಿ, ತಿಳಿ ಜಾಸ್ತಿ, ಅಗಳು ಕಮ್ಮಿ, ಪಕ್ಕದಲ್ಲಿ ಉಪ್ಪಿನಕಾಯಿ ಒಂದೇ ಅಲ್ಲ, ಹೆಸರುಕಾಳು ಪಲ್ಯವೂ. ಮೀನು ತಿನ್ನುವವರು ಇದನ್ನು ಓದುತ್ತಿದ್ದರೆ ನಿಮಗೆ ಇನ್ನೂ ಸುಲಭ. ಬೂತಾಯಿ, ಬಂಗುಡೆ 100 ಗ್ರಾಂನಲ್ಲಿ 20 ಗ್ರಾಂ ಆಸುಪಾಸು ಪ್ರೋಟೀನ್, ಹುರಿಯದೆ ಪುಳಿಮುಂಚಿ ಮಾಡಿ.

ಚಹಾದ ಸಕ್ಕರೆಗೆ ನೀವು ಲೆಕ್ಕ ಕೊಟ್ಟಿಲ್ಲ. ನಾಲ್ಕು ಚಹಾ, ಎರಡೆರಡು ಚಮಚ ಸಕ್ಕರೆ ಅಂದರೆ 32 ಗ್ರಾಂಗಿಂತ ಕಮ್ಮಿ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 25 ಗ್ರಾಂ ಒಳಗಿರಲಿ ಅನ್ನುತ್ತದೆ. ಬೆಲ್ಲ ಹಾಕಿದರೂ ಲೆಕ್ಕ ಬದಲಾಗುವುದಿಲ್ಲ. ಅನ್ನ ಮುಟ್ಟುವ ಮೊದಲು ಇದನ್ನು ಕಮ್ಮಿ ಮಾಡಿ, ನನ್ನ ಪ್ರಕಾರ ಮೊದಲ ಕೆಲಸ ಇದು. ಎರಡನೆಯದು ಬೇಕರಿ. ನಮ್ಮ ಪೇಟೆಗಳಲ್ಲಿ ಹೆಜ್ಜೆಗೊಂದು ಬೇಕರಿ ಇದೆ, ಸ್ಟಾಫ್ ರೂಮಿಗೆ ವಾರಕ್ಕೆ ಎಷ್ಟು ಸಲ ಪಫ್ಸ್, ಚಿಪ್ಸ್ ಬರುತ್ತದೆ ಅಂತ ಒಮ್ಮೆ ಬರೆದಿಡಿ.

ನಿಮ್ಮ ಎತ್ತರ-ತೂಕಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 30ರ ಹತ್ತಿರ ಇದೆ, ಭಾರತೀಯರಿಗೆ 23 ದಾಟಿದರೆ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಲೆಕ್ಕ. ಗಾಬರಿ ಬೇಡ, ಮೊದಲು 4-5 ಕಿಲೋ ಇಳಿಯಲಿ, ಅದಕ್ಕೆ ಮೂರು ತಿಂಗಳು ಕೊಡಿ. ತೂಕ ವಾರಕ್ಕೊಮ್ಮೆ ಮಾತ್ರ ನೋಡಿ. ಸೊಂಟಕ್ಕೆ ಟೇಪ್ ಹಿಡಿಯಿರಿ, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಮತ್ತೆ ಉಪನಯನ, ಮದುವೆಗೆ ಹೋದಾಗ ಹೋಳಿಗೆ ತಿನ್ನಿ. ಒಂದು ಹೋಳಿಗೆ ತುಪ್ಪ ಹಾಕಿ ಖುಷಿಯಲ್ಲಿ ತಿಂದು, ಅನ್ನವನ್ನು ಒಂದೇ ಸಲ ಹಾಕಿಸಿಕೊಂಡರೆ ಆಯಿತು.

ಪ್ರಶ್ನೆ: ಉಪ್ಪಳದಲ್ಲಿ ಅಂಗಡಿ ಇದೆ, 58 ವರ್ಷ. ಹತ್ತು ವರ್ಷದಿಂದ ಶುಗರ್, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಮಾತ್ರೆ. ತೂಕ ಇಳಿಸಲು ರಾತ್ರಿ ಅನ್ನ ಪೂರ್ತಿ ಬಿಟ್ಟೆ. ಮೂರನೇ ದಿನ ನಡುರಾತ್ರಿ ಬೆವರಿ, ಕೈಕಾಲು ನಡುಗಿ ಎಚ್ಚರವಾಯಿತು. ಇದು ಗ್ಯಾಸಾ?

ಉತ್ತರ: ಅಣ್ಣಾ, ಗ್ಯಾಸ್ ಅಂತ ಸುಮ್ಮನೆ ಇರಬೇಡಿ. ಶುಗರ್ ಕೆಳಗೆ ಇಳಿದಿರುವ ಸಾಧ್ಯತೆ ಜಾಸ್ತಿ. ಗ್ಲಿಮೆಪಿರೈಡ್ ನೀವು ಉಣ್ಣಲಿ ಬಿಡಲಿ ಇನ್ಸುಲಿನ್ (ಶುಗರ್ ಇಳಿಸುವ ಹಾರ್ಮೋನ್) ಹೊರಗೆ ಹಾಕಿಸುವ ಮಾತ್ರೆ. ಊಟ ಕಮ್ಮಿ ಮಾಡಿ ಮಾತ್ರೆ ಅಷ್ಟೇ ತೆಗೆದುಕೊಂಡರೆ ಹೀಗೇ ಆಗುತ್ತದೆ. ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ. ಊಟ ಬದಲಾಯಿಸುವುದಾದರೆ ಮಾತ್ರೆಯ ಪ್ರಮಾಣವನ್ನು ಅವರೇ ಬದಲಾಯಿಸಬೇಕು. ನೀವಾಗಿ ನಿಲ್ಲಿಸಬೇಡಿ, ಅವರನ್ನು ನೋಡುವ ತನಕ ರಾತ್ರಿ ಮಾಮೂಲಿ ಊಟ ಮಾಡಿ. ಮತ್ತೆ ಹಾಗಾದರೆ ಶುಗರ್ ನೋಡಿ, 70ಕ್ಕಿಂತ ಕೆಳಗಿದ್ದರೆ, ಅಥವಾ ಮೆಷಿನ್ ಕೈಗೆ ಸಿಗದಿದ್ದರೂ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಪುನಃ ನೋಡಿ. ಮನೆಯವರಿಗೂ ಇದನ್ನು ಹೇಳಿಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೇರ ಆಸ್ಪತ್ರೆಗೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತರದ ಶುಗರ್ ಮಾತ್ರೆ ತೆಗೆದುಕೊಳ್ಳುವವರೂ ಕೀಟೋ (ಕಾರ್ಬ್ ಹೆಚ್ಚುಕಮ್ಮಿ ಪೂರ್ತಿ ಬಿಡುವ ಊಟ) ಅಂತ ಶುರು ಮಾಡಬಾರದು, ರಕ್ತದಲ್ಲಿ ಆಮ್ಲ ಏರಿ ಜೀವಕ್ಕೆ ಅಪಾಯ ಆಗಬಹುದು. ಬಸುರಿಯರು, ಹಾಲು ಕುಡಿಸುವ ತಾಯಂದಿರು, ಕಿಡ್ನಿ ತೊಂದರೆ ಇರುವವರಿಗೂ ನಾನು ಇದೇ ಹೇಳುವುದು. ಡಾಕ್ಟರನ್ನು ಕೇಳದೆ ಏನೂ ಬಿಡಬೇಡಿ.

ಪ್ರಶ್ನೆ: ನೀರ್ಚಾಲಿನವನು, 24 ವರ್ಷ. ಕುಂಬಳೆಯಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ. ರಾತ್ರಿ ಅನ್ನ ಬಿಟ್ಟು ನಾಲ್ಕು ಚಪಾತಿ ತಿನ್ನುತ್ತೇನೆ. ಎರಡು ತಿಂಗಳಾದರೂ ಹೊಟ್ಟೆ ಇಳಿದಿಲ್ಲ. ಯಾಕೆ?

ಉತ್ತರ: ತಮ್ಮಾ, 30 ಗ್ರಾಂ ಹಿಟ್ಟಿನ ಒಂದು ಚಪಾತಿ ಸುಮಾರು 100 ಕ್ಯಾಲೊರಿ, ಎಣ್ಣೆ ಬೇರೆ. ನಾಲ್ಕು ಚಪಾತಿ ಅಂದರೆ 300 ಗ್ರಾಂ ಅನ್ನ. ಏನು ಬದಲಾಯಿತು? ಚಪಾತಿಯ ಒಂದೇ ಲಾಭ ಅಂದರೆ ಅದನ್ನು ಎಣಿಸಬಹುದು. ಎರಡು ತಿನ್ನು, ಜೊತೆಗೆ ಕಡಲೆಯೋ ಮೊಟ್ಟೆಯೋ ಮೀನೋ ಇರಲಿ, ಮುಳ್ಳುಸೌತೆ ಎಷ್ಟು ಬೇಕಾದರೂ. ಅನ್ನವೇ ಇಷ್ಟ ಆದರೆ ಅನ್ನವೇ ಉಣ್ಣು, 150 ಗ್ರಾಂ. ಸಂಜೆ ರೈಲಿಗೆ ಕಾಯುವಾಗ ಪ್ಲಾಟ್‌ಫಾರ್ಮಿನಲ್ಲಿ ಏನು ತಿನ್ನುತ್ತೀ ಅಂತ ಬರೆದಿಲ್ಲ, ಒಂದು ವಾರ ಅದನ್ನು ಮೊಬೈಲಿನಲ್ಲಿ ಬರೆದಿಟ್ಟು ನನಗೆ ಕಳಿಸು. ಆಮೇಲೆ ಮುಂದಿನದ್ದು ಹೇಳುತ್ತೇನೆ.