ಮೊದಲೇ ಗೊತ್ತಿದ್ದ ಮೇಲೆ ತಪ್ಪು ನನ್ನದು ಹೇಗೆ?

ಕಳೆದ ಸಂಚಿಕೆಯಲ್ಲಿ ಹಣೆಬರಹದ ಬಗ್ಗೆ ಬರೆದ ನಾಲ್ಕು ಸಾಲಿನ ಉತ್ತರಕ್ಕೆ ರಾಶಿ ಪತ್ರಗಳು ಬಂದಿವೆ. ಸುತ್ತಿ ಬಳಸಿ ಹೆಚ್ಚಿನವರು ಕೇಳಿರುವುದು ಒಂದೇ ವಿಷಯ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಬೇರೆ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ದೇವರು ಸರ್ವಜ್ಞ ಅನ್ನುತ್ತಾರೆ. ಹಾಗಾದರೆ ನಾಳೆ ನಾನು ಸುಳ್ಳು ಹೇಳುತ್ತೇನೋ ನಿಜ ಹೇಳುತ್ತೇನೋ ಅವನಿಗೆ ಈಗಲೇ ಗೊತ್ತು. ಸುಳ್ಳು ಹೇಳುತ್ತೇನೆ ಅಂತ ಗೊತ್ತಿದ್ದರೆ ನಾನು ನಿಜ ಹೇಳುವ ಹಾಗೇ ಇಲ್ಲ. ಹೇಳಿದರೆ ಅವನಿಗೆ ಗೊತ್ತಿದ್ದದ್ದು ತಪ್ಪಾಗುತ್ತದೆ. ಬೇರೆ ದಾರಿಯೇ ಇಲ್ಲದ ಮೇಲೆ ನನಗೆ ಶಿಕ್ಷೆ ಯಾಕೆ? ಯಾರನ್ನು ಕೇಳಿದರೂ ‘ಗೊತ್ತಿರುವುದು ಬೇರೆ, ಮಾಡಿಸುವುದು ಬೇರೆ’ ಅಂತ ಒಂದು ಮಾತು ಹೇಳಿ ಎದ್ದು ಹೋಗುತ್ತಾರೆ. ನೀವೂ ಅದನ್ನೇ ಹೇಳುವುದಾದರೆ ಬೇಡ.

ಉತ್ತರ: ಅದನ್ನು ಹೇಳದೆ ದಾಟುವ ಹಾಗಿಲ್ಲ. ಆದರೆ ಹೇಳಿ ಎದ್ದು ಹೋಗುವುದಿಲ್ಲ. ಆ ಉತ್ತರ ಅರ್ಧ ಮಾತ್ರ ಅನ್ನುವ ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ಮೊದಲು ಆ ಅರ್ಧವನ್ನು ಮುಗಿಸಿಬಿಡೋಣ. ಪಂಚಾಂಗದಲ್ಲಿ ಬರೆದಿದೆ ಅಂತ ಗ್ರಹಣ ಹಿಡಿಯುವುದಿಲ್ಲ. ಗ್ರಹಣ ಹಿಡಿಯಲಿದೆ ಅಂತಲೇ ಪಂಚಾಂಗದಲ್ಲಿ ಬರೆದಿರುತ್ತಾರೆ. ಹಾಗೆಯೇ, ನೀವು ನಾಳೆ ನಿಜ ಹೇಳುವವರಾಗಿದ್ದರೆ ದೇವರಿಗೆ ಮೊದಲಿನಿಂದಲೂ ಗೊತ್ತಿರುತ್ತಿದ್ದದ್ದು ಆ ನಿಜವೇ. ಅವನಿಗೆ ಗೊತ್ತಿದ್ದದ್ದು ತಪ್ಪಾಗುತ್ತಿರಲಿಲ್ಲ, ಬೇರೆಯಾಗಿರುತ್ತಿತ್ತು ಅಷ್ಟೇ. ದೇವರಿಗೆ ಗೊತ್ತಿದ್ದರೆ ಅದು ನಡೆದೇ ನಡೆಯುತ್ತದೆ, ಒಪ್ಪೋಣ. ಆದರೆ ನಡೆದೇ ನಡೆಯುವುದಕ್ಕೂ, ನಡೆಯದೆ ಬೇರೆ ದಾರಿಯೇ ಇರಲಿಲ್ಲ ಅನ್ನುವುದಕ್ಕೂ ತುಂಬಾ ಅಂತರ ಇದೆ. ಈ ಎರಡನ್ನು ಬೆರೆಸಿಕೊಂಡು ಎಷ್ಟೋ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ.

ಸರಿ, ಆದರೆ ಪಂಚಾಂಗ ಬರೆಯುವವರಿಗೆ ಗ್ರಹಣ ಅಷ್ಟು ಮೊದಲೇ ಗೊತ್ತಾಗುವುದು ಹೇಗೆ? ಚಂದ್ರನಿಗೆ ಸ್ವಂತ ಮನಸ್ಸಿಲ್ಲ, ಅದಕ್ಕೇ. ಅವನ ದಾರಿ ಲೆಕ್ಕಕ್ಕೆ ಸಿಗುತ್ತದೆ. ದೇವರು ನಿಮ್ಮನ್ನೂ ಹೀಗೆ ಲೆಕ್ಕ ಹಾಕಿಯೇ ತಿಳಿದಿದ್ದರೆ ನಿಮಗೂ ಚಂದ್ರನಿಗೂ ವ್ಯತ್ಯಾಸವೇ ಉಳಿಯಲಿಲ್ಲ, ಅಲ್ವಾ? ಗ್ರಹಣದ ಉಪಮೆ ಹೇಳಿ ವಾದ ಗೆದ್ದೆ ಅಂದುಕೊಳ್ಳುವವರು ಇದನ್ನು ನೋಡುವುದೇ ಇಲ್ಲ. ಹಾಗಾಗಿ ಕೇಳಬೇಕಾದ್ದು ಇದು: ದೇವರಿಗೆ ಅದು ಯಾವ ರೀತಿಯಲ್ಲಿ ಗೊತ್ತು?

ಇದಕ್ಕೆ ತುಂಬಾ ಹೆಸರಾದ ಉತ್ತರ ಹುಟ್ಟಿದ್ದು ಸೆರೆಯಲ್ಲಿ. ಬೊಯೆಥಿಯಸ್ ರೋಮಿನ ದೊಡ್ಡ ಮನೆತನದವನು, ರಾಜ ಥಿಯೊಡೊರಿಕ್‌ನ ಹತ್ತಿರ ಅಧಿಕಾರಿಯಾಗಿದ್ದವನು. ರಾಜದ್ರೋಹದ ಆರೋಪ ಬಂತು, ಸೆರೆಗೆ ಹೋದ, ಸುಮಾರು 524ರಲ್ಲಿ ಅವನನ್ನು ಕೊಂದರು. ಸಾವು ಬಾಗಿಲಲ್ಲಿ ನಿಂತಿರುವಾಗ ಅವನು ಬರೆದ ಪುಸ್ತಕದ ಕೊನೆಯ ಭಾಗ ಪೂರ್ತಿ ನಿಮ್ಮ ಪ್ರಶ್ನೆಯೇ. ಅವನು ಹೇಳುವುದು: ದೇವರು ಲೆಕ್ಕ ಹಾಕುವುದಿಲ್ಲ, ನೋಡುತ್ತಾನೆ. ದೇವರಿಗೆ ನಿನ್ನೆ ನಾಳೆ ಇಲ್ಲ, ಇಡೀ ಕಾಲ ಒಟ್ಟಿಗೇ ಎದುರಿಗಿದೆ. ಒಬ್ಬ ಮನುಷ್ಯ ನಡೆದು ಹೋಗುವುದನ್ನೂ ಸೂರ್ಯ ಹುಟ್ಟುವುದನ್ನೂ ನೀವು ಒಂದೇ ಹೊತ್ತಿನಲ್ಲಿ ನೋಡಿದಿರಿ ಅನ್ನಿ. ಎರಡೂ ನಡೆಯುತ್ತಿವೆ, ಎರಡೂ ಖಂಡಿತ. ಸೂರ್ಯನಿಗೆ ಬೇರೆ ದಾರಿ ಇಲ್ಲ, ಆ ಮನುಷ್ಯ ಬೇಕಿದ್ದರೆ ನಿಲ್ಲಬಹುದಿತ್ತು. ನೀವು ನೋಡಿದ್ದರಿಂದ ಅವನ ಕಾಲು ಕಟ್ಟಿಹಾಕಿದ ಹಾಗೆ ಆಗಲಿಲ್ಲ. ದೇವರು ನಿಮ್ಮ ನಾಳೆಯನ್ನು ನೋಡುವುದೂ ಹೀಗೇ, ಅನ್ನುತ್ತಾನೆ.

ಚೆಂದವಾಗಿದೆ. ಆದರೆ ನನಗೆ ಇದು ಪೂರ್ತಿ ಸಾಲುವುದಿಲ್ಲ. ಯಾಕೆಂದರೆ ದೇವರು ಸುಮ್ಮನೆ ನೋಡುತ್ತಾ ಕೂರುವುದಿಲ್ಲ, ಕೆಲವು ಸಲ ಬಾಯಿ ಬಿಟ್ಟು ಹೇಳುತ್ತಾನೆ. ಮತ್ತಾಯನ ಸುವಾರ್ತೆಯ 26ನೇ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯ ಪೇತ್ರನಿಗೆ, ಕೋಳಿ ಕೂಗುವ ಮೊದಲೇ ನನ್ನನ್ನು ಗೊತ್ತೇ ಇಲ್ಲ ಅಂತ ಮೂರು ಸಲ ಹೇಳುತ್ತೀಯ ಅನ್ನುತ್ತಾನೆ. ಆ ಮಾತು ಬಾಯಿಂದ ಬಂದ ಕ್ಷಣಕ್ಕೆ ಅದು ಕಾಲದ ಒಳಗೆ ಬಂತು. ಪೇತ್ರ ಬಾಯಿ ತೆರೆಯುವ ಮೊದಲೇ ಅದು ಆಗಿಹೋದ ವಿಷಯ. ಆಗಿಹೋದದ್ದನ್ನು ಬದಲಿಸಲು ಯಾರಿಗೂ ಆಗುವುದಿಲ್ಲ. ಹಾಗಾದರೆ ಆ ರಾತ್ರಿ ಪೇತ್ರ ನಿಜ ಹೇಳಬಹುದಿತ್ತಾ?

1965ರಲ್ಲಿ ನೆಲ್ಸನ್ ಪೈಕ್ ಅನ್ನುವ ಅಮೆರಿಕದ ತತ್ವಶಾಸ್ತ್ರಜ್ಞ ಗಂಟನ್ನು ಬಿಗಿಯಾಗಿ ಎಳೆದಿದ್ದು ಇದೇ ಜಾಗದಲ್ಲಿ. ಅವನ ಉದಾಹರಣೆ ತೀರಾ ಸಾದಾ: ಜೋನ್ಸ್ ಅನ್ನುವವನು ಶನಿವಾರ ಹುಲ್ಲು ಕತ್ತರಿಸುತ್ತಾನೆ, ದೇವರು ಅದನ್ನು 80 ವರ್ಷ ಮೊದಲೇ ತಿಳಿದಿದ್ದ. ಶನಿವಾರ ಜೋನ್ಸ್ ಕತ್ತರಿಸದೆ ಇರಬಹುದು ಅಂದರೆ ಏನರ್ಥ? ದೇವರನ್ನು ತಪ್ಪು ಮಾಡುವ ಶಕ್ತಿ ಅವನಿಗಿದೆ, ಇಲ್ಲವೇ 80 ವರ್ಷ ಹಿಂದಿನ ವಿಷಯವನ್ನು ಬೇರೆಯಾಗಿಸುವ ಶಕ್ತಿ ಇದೆ, ಇಲ್ಲವೇ ಅಂಥ ದೇವರೇ ಆಗ ಇರಲಿಲ್ಲ ಅನ್ನುವ ಹಾಗೆ ಮಾಡುವ ಶಕ್ತಿ ಇದೆ. ಮೂರರಲ್ಲಿ ಯಾವುದನ್ನು ಹೇಳಿದರೂ ಜನ ನಗುತ್ತಾರೆ.

ಇದಕ್ಕೆ ನಾನು ಒಪ್ಪುವ ಉತ್ತರ ಪೈಕ್‌ಗಿಂತ 600 ವರ್ಷ ಹಳೆಯದು, ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಒಕಮ್‌ನ ವಿಲಿಯಂ ಹೇಳಿದ್ದು. ಹಿಂದೆ ಆದದ್ದು ಅಂತ ನಾವು ಕರೆಯುವುದೆಲ್ಲ ಒಂದೇ ತರಹ ಗಟ್ಟಿಯಾಗಿರುವುದಿಲ್ಲ. ‘ಆ ವರ್ಷ ಒಂದು ಮಗು ಹುಟ್ಟಿತು’ ಅನ್ನುವುದು ಮುಗಿದ ವಿಷಯ. ‘ಆ ವರ್ಷ ಹುಟ್ಟಿದ ಮಗು ಮುಂದೆ ನಾಡನ್ನು ಆಳಲಿತ್ತು’ ಅನ್ನುವುದೂ ಹಿಂದಿನ ಮಾತೇ, ಆದರೆ ಅದು ನಿಜವೋ ಸುಳ್ಳೋ ಅನ್ನುವುದು ಮುಂದೆ ನಡೆಯುವುದರ ಮೇಲೆ ನಿಂತಿದೆ. ದೇವರಿಗೆ ನಿಮ್ಮ ಸುಳ್ಳಿನ ಬಗ್ಗೆ ಗೊತ್ತಿರುವುದು ಈ ಎರಡನೇ ಜಾತಿಯದು. ನೋಡಲು ಹಿಂದಿನದು, ನಿಂತಿರುವುದು ನಿಮ್ಮ ನಾಳೆಯ ಮೇಲೆ. ಅವನಿಗೆ ಗೊತ್ತಿತ್ತು ಅಂತ ನೀವು ಸುಳ್ಳು ಹೇಳುವುದಿಲ್ಲ, ನೀವು ಹೇಳುತ್ತೀರಿ ಅಂತ ಅವನಿಗೆ ಗೊತ್ತಿದೆ. ಪೇತ್ರನ ಕತೆಗೆ ಇದು ಸಲೀಸಾಗಿ ಹೊಂದುವುದಿಲ್ಲ, ಆಡಿದ ಮಾತು ಗಾಳಿಯಲ್ಲಿ ಹೋದ ಶಬ್ದ, ಅದು ಮುಗಿದ ವಿಷಯವೇ. ಅಲ್ಲಿ ಒಕಮ್ ಕಡೆಯವರು ಇವತ್ತಿಗೂ ಬೆವರು ಸುರಿಸುತ್ತಾರೆ. ಆದರೆ ನಿಮ್ಮ ನಾಳೆಯ ಬಗ್ಗೆ ದೇವರು ಯಾರ ಕಿವಿಯಲ್ಲೂ ಹೇಳಿಲ್ಲವಾದ್ದರಿಂದ ತಪ್ಪು ನಿಮ್ಮದೇ, ಜಾರಿಕೊಳ್ಳಬೇಡಿ.

ಪ್ರಶ್ನೆ: ದೇವರು ಬರೀ ನೋಡುವವನಾಗಿದ್ದರೆ ಒಪ್ಪಬಹುದಿತ್ತು. ಆದರೆ ಸೃಷ್ಟಿ ಮಾಡಿದವನೂ ಅವನೇ. ನಾನು ಹೀಗೆಯೇ ಆಗುತ್ತೇನೆ ಅಂತ ಗೊತ್ತಿದ್ದೂ ನನ್ನನ್ನು ಮಾಡಿದ. ಆಗ?

ಉತ್ತರ: ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಸ್ಪೇನಿನ ಜೆಸ್ಯುಟ್ ಪಂಥದ ಪಾದ್ರಿ ಲೂಯಿಸ್ ದೆ ಮೊಲಿನಾ 1588ರಲ್ಲಿ ಒಂದು ಜಾಣ ದಾರಿ ತೋರಿಸಿದ. ಏನು ಆಗುತ್ತದೆ ಅನ್ನುವುದಷ್ಟೇ ಅಲ್ಲದೆ, ಯಾವ ಸಂದರ್ಭದಲ್ಲಿ ಯಾರು ಸ್ವಂತ ಮನಸ್ಸಿನಿಂದ ಏನು ಮಾಡುತ್ತಿದ್ದರು ಅನ್ನುವುದೂ ದೇವರಿಗೆ ಗೊತ್ತು, ಸೃಷ್ಟಿಗೆ ಮೊದಲೇ ಗೊತ್ತು ಅನ್ನುತ್ತಾನೆ. ಅದನ್ನು ನೋಡಿಕೊಂಡೇ ಯಾವ ಲೋಕ ಮಾಡಬೇಕು ಅಂತ ದೇವರು ಆರಿಸಿದ, ಆದರೆ ಆ ಲೋಕದಲ್ಲಿ ಸ್ವಂತ ಮನಸ್ಸಿನಿಂದ ಮಾಡುವವರು ನಾವೇ ಅನ್ನುವುದು ಅವನ ಮಾತು. ಇದಕ್ಕೆ ಬೈಬಲಿನ ಒಂದು ಕತೆ ಆಧಾರ, ಸಮುವೇಲನ ಮೊದಲ ಪುಸ್ತಕದ 23ನೇ ಅಧ್ಯಾಯ. ರಾಜ ಸೌಲ ಬೆನ್ನು ಹತ್ತಿದ್ದಾನೆ, ದಾವೀದ ಕೆಯೀಲಾ ಊರಿನಲ್ಲಿ ಇದ್ದಾನೆ. ಸೌಲ ಇಲ್ಲಿಗೆ ಬರುತ್ತಾನಾ, ಬಂದರೆ ಈ ಊರಿನವರು ನನ್ನನ್ನು ಹಿಡಿದು ಕೊಡುತ್ತಾರಾ ಅಂತ ದೇವರನ್ನು ಕೇಳುತ್ತಾನೆ. ಹೌದು, ಕೊಡುತ್ತಾರೆ ಅನ್ನುತ್ತಾನೆ ದೇವರು. ದಾವೀದ ಆ ಕೂಡಲೇ ಊರು ಬಿಡುತ್ತಾನೆ. ಸೌಲ ಬರುವುದೇ ಇಲ್ಲ, ಊರಿನವರು ಹಿಡಿದುಕೊಡುವುದೂ ಇಲ್ಲ. ಅಂದರೆ ದೇವರಿಗೆ ಗೊತ್ತಿದ್ದದ್ದು ನಡೆಯದೇ ಹೋದ ವಿಷಯ! ಅವನಿಗೆ ಗೊತ್ತಿದೆ ಅಂದರೆ ಕಲ್ಲಿನ ಮೇಲೆ ಬರೆದಾಯಿತು ಅಂದುಕೊಳ್ಳುವವರಿಗೆ ಈ ಕತೆ ಒಳ್ಳೆಯ ಮದ್ದು.

ಮೊಲಿನಾ ಮಾತಿಗೆ ಡೊಮಿನಿಕನ್ ಅನ್ನುವ ಇನ್ನೊಂದು ಪಂಥದ ಪಾದ್ರಿಗಳು ಸಿಟ್ಟಾದರು. ಮನುಷ್ಯನಿಗೆ ಜಾಸ್ತಿ ಕೊಟ್ಟೆ, ದೇವರಿಗೆ ಕಡಿಮೆ ಮಾಡಿದೆ ಅಂತ ಅವರ ದೂರು. ಜಗಳ ರೋಮಿಗೆ ಹೋಯಿತು, 1598ರಿಂದ 1607ರವರೆಗೆ ವಿಚಾರಣೆ ನಡೆಯಿತು. ಕೊನೆಗೆ ಪೋಪ್ ಐದನೇ ಪಾಲ್, ಯಾರು ಸರಿ ಅಂತ ತೀರ್ಪು ಕೊಡದೆಯೇ, ಒಬ್ಬರನ್ನೊಬ್ಬರು ಧರ್ಮದ್ರೋಹಿ ಅನ್ನಬೇಡಿ ಅಂತ ಹೇಳಿ ಎರಡೂ ಕಡೆಯವರನ್ನು ಮನೆಗೆ ಕಳಿಸಿದ. ಅಷ್ಟು ದೊಡ್ಡವರೇ ಬಿಡಿಸಲಿಲ್ಲ ಅಂದಮೇಲೆ ನಾನು ಒಂದು ಪುಟದಲ್ಲಿ ಬಿಡಿಸುತ್ತೇನೆ ಅಂದರೆ ನೀವೇ ನಗಬೇಕು.

ಆದರೂ ನನಗೆ ಅನ್ನಿಸಿದ್ದು ಹೇಳುತ್ತೇನೆ. ನಿಮ್ಮನ್ನು ಚುಚ್ಚುತ್ತಿರುವುದು ದೇವರಿಗೆ ಗೊತ್ತಿತ್ತು ಅನ್ನುವ ವಿಷಯವೇ ಅಲ್ಲ. ಗೊತ್ತಿದ್ದೂ ಮಾಡಿದ, ಇಂಥ ಲೋಕವನ್ನೇ ಆರಿಸಿದ ಅನ್ನುವುದು. ಅದು ನ್ಯಾಯದ ಪ್ರಶ್ನೆ. ಅದಕ್ಕೆ ಅವನೇ ಉತ್ತರ ಹೇಳಬೇಕು. ಅವನ ಪಾಲಿನ ಹೊಣೆ ಎಷ್ಟೇ ಇರಲಿ, ಅದರಿಂದ ನಿಮ್ಮ ಪಾಲಿನದು ಕಳೆದುಹೋಗುವುದಿಲ್ಲ. ಒಂದು ತಪ್ಪಿಗೆ ಇಬ್ಬರು ಹೊಣೆಗಾರರು ಇರಬಾರದು ಅಂತ ಎಲ್ಲೂ ಇಲ್ಲ.

ಪ್ರಶ್ನೆ: ‘ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು’ ಅನ್ನುತ್ತೇವೆ. ಗೀತೆಯಲ್ಲೂ ಯಂತ್ರದ ಮೇಲೆ ಕೂರಿಸಿ ತಿರುಗಿಸುತ್ತಾನೆ ಅಂತ ಇದೆ. ಮತ್ತೆ ಸ್ವಾತಂತ್ರ್ಯ ಎಲ್ಲಿ?

ಉತ್ತರ: ಇದೆ, 18ನೇ ಅಧ್ಯಾಯದ 61ನೇ ಶ್ಲೋಕ. ಈಶ್ವರ ಎಲ್ಲರ ಹೃದಯದಲ್ಲಿದ್ದು ಯಂತ್ರಕ್ಕೆ ಏರಿಸಿದವರ ಹಾಗೆ ಎಲ್ಲರನ್ನೂ ತಿರುಗಿಸುತ್ತಾನೆ. ಆದರೆ ದಯವಿಟ್ಟು ಇನ್ನೆರಡು ಶ್ಲೋಕ ಮುಂದೆ ಓದಿ. 63ರಲ್ಲಿ ಕೃಷ್ಣ ಅರ್ಜುನನಿಗೆ, ಹೇಳಬೇಕಾದ್ದು ಹೇಳಿದ್ದೇನೆ, ಪೂರ್ತಿ ಯೋಚಿಸಿ ನಿನಗೆ ಹೇಗೆ ಬೇಕೋ ಹಾಗೆ ಮಾಡು ಅನ್ನುತ್ತಾನೆ. ತಿರುಗಿಸುವವನೇ ‘ನಿನ್ನಿಷ್ಟ’ ಅನ್ನುವುದು! ಉಪನ್ಯಾಸ ಮಾಡುವವರು ತಮಗೆ ಬೇಕಾದ ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಬಿಟ್ಟುಬಿಡುತ್ತಾರೆ.

ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಮೂರನೇ ಪಾದದಲ್ಲೂ ಇಂಥದೇ ಜೋಡಿ ಇದೆ. ಜೀವದ ಕರ್ತೃತ್ವ, ಅಂದರೆ ಮಾಡುವ ಶಕ್ತಿ, ಪರಮಾತ್ಮನಿಂದಲೇ ಬರುತ್ತದೆ ಅಂತ ಒಂದು ಸೂತ್ರ. ಆದರೆ ಅವನು ಜೀವ ಮಾಡಿದ ಪ್ರಯತ್ನವನ್ನು ನೋಡಿಕೊಂಡೇ ಮಾಡಿಸುತ್ತಾನೆ, ಇಲ್ಲದಿದ್ದರೆ ಮಾಡು ಮಾಡಬೇಡ ಅನ್ನುವ ವಿಧಿಗಳೆಲ್ಲ ವ್ಯರ್ಥ ಅಂತ ಅದರ ಪಕ್ಕದ್ದು. ರಾಮಾನುಜರು ಇದನ್ನು ಅನುಮತಿ ಅಂತ ವಿವರಿಸುತ್ತಾರೆ: ಮೊದಲ ಹೆಜ್ಜೆ ಜೀವದ್ದು, ಒಪ್ಪಿಗೆ ದೇವರದ್ದು. ಮಧ್ವರು ಇಷ್ಟು ಸಡಿಲ ಬಿಡುವುದಿಲ್ಲ, ಹರಿಯೊಬ್ಬನೇ ಸ್ವತಂತ್ರ, ಜೀವ ಮಾಡುವುದು ನಿಜ, ಆದರೆ ಆ ಮಾಡುವ ಶಕ್ತಿಯೂ ಅವನ ಅಧೀನ ಅನ್ನುತ್ತಾರೆ. ಹಾಗಾದರೆ ಮೊಟ್ಟಮೊದಲ ಪ್ರಯತ್ನವನ್ನು ಮಾಡಿಸಿದ್ದು ಯಾರು ಅಂತ ಕೇಳಿದರೆ, ಮೊದಲು ಅಂತ ಇಲ್ಲವೇ ಇಲ್ಲ, ಕರ್ಮ ಅನಾದಿ ಅನ್ನುವ ಉತ್ತರ ಬರುತ್ತದೆ. ಇದರಿಂದ ದೇವರ ಮೇಲೆ ಪಕ್ಷಪಾತದ ದೂರು ಬರದ ಹಾಗೆ ಆಯಿತು, ಒಪ್ಪುತ್ತೇನೆ. ಆದರೆ ಪ್ರಶ್ನೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳಿದ ಹಾಗೆಯೂ ಕಾಣುತ್ತದೆ.

ಪ್ರಶ್ನೆ: ದೇವರಿಗೆ ನಾಳೆಯದು ಗೊತ್ತಿಲ್ಲ ಅಂತ ಒಪ್ಪಿಬಿಟ್ಟರೆ ಎಲ್ಲ ಸಲೀಸಲ್ಲವೇ?

ಉತ್ತರ: ಹಾಗೆ ಒಪ್ಪಿದವರಿದ್ದಾರೆ. 14ನೇ ಶತಮಾನದ ಯೆಹೂದಿ ಪಂಡಿತ ಗೆರ್ಸೊನಿಡಿಸ್, ಮನುಷ್ಯ ಯಾವುದನ್ನು ಆರಿಸುತ್ತಾನೆ ಅನ್ನುವುದು ದೇವರಿಗೂ ಮೊದಲೇ ಗೊತ್ತಿರುವುದಿಲ್ಲ ಅಂದ. 1994ರಲ್ಲಿ ಐವರು ಕ್ರೈಸ್ತ ಚಿಂತಕರು ಸೇರಿ ಇದೇ ದಾರಿಯಲ್ಲಿ ಒಂದು ಪುಸ್ತಕ ತಂದು ದೊಡ್ಡ ಗಲಾಟೆಯಾಯಿತು. ನಾಳೆ ಇನ್ನೂ ಇಲ್ಲ, ಇಲ್ಲದ್ದನ್ನು ತಿಳಿಯದಿರುವುದು ಕೊರತೆಯಲ್ಲ ಅನ್ನುವುದು ಅವರ ವಾದ. ವಾದವೇನೋ ಸರಿಯಾಗಿ ನಿಲ್ಲುತ್ತದೆ. ಆದರೆ ಮುಂದೇನು ಅಂತ ಗೊತ್ತಿಲ್ಲದವನನ್ನು ನಂಬಿ ಕಷ್ಟದಲ್ಲಿ ಕೈ ಮುಗಿಯಲು ಎಷ್ಟು ಜನರಿಗೆ ಮನಸ್ಸಾದೀತು?

ಪ್ರಶ್ನೆ: ಎಲ್ಲ ಗೊತ್ತಿರುವವನಿಗೆ ಪ್ರಾರ್ಥನೆ ಯಾಕೆ? ಪ್ರಯತ್ನವಾದರೂ ಯಾಕೆ?

ಉತ್ತರ: ಪ್ರಯತ್ನದ ಮಾತಿಗೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಗ್ರೀಸಿನಲ್ಲಿ ಸೋಮಾರಿಯ ವಾದ ಅಂತ ಹೆಸರಿಟ್ಟಿದ್ದರು. ಕಾಯಿಲೆ ವಾಸಿಯಾಗುವುದಿದ್ದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ, ವೈದ್ಯರನ್ನು ಯಾಕೆ ಕರೆಯಬೇಕು ಅನ್ನುವ ವಾದ. ಅಲ್ಲಿನ ತತ್ವಶಾಸ್ತ್ರಜ್ಞ ಕ್ರಿಸಿಪ್ಪಸ್ ಎಲ್ಲವೂ ವಿಧಿ ಅಂತ ನಂಬಿದವನು, ಅವನೇ ಇದನ್ನು ಒಪ್ಪಲಿಲ್ಲ. ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯರನ್ನು ಕರೆಯುವುದೂ ಅದೇ ವಿಧಿಯಲ್ಲಿದೆ, ಒಂದನ್ನು ಬಿಟ್ಟು ಒಂದು ಬರುವುದಿಲ್ಲ ಅಂದ. ಪ್ರಾರ್ಥನೆಯ ಬಗ್ಗೆ 13ನೇ ಶತಮಾನದ ಕ್ರೈಸ್ತ ಪಂಡಿತ ತೋಮಸ್ ಅಕ್ವಿನಾಸ್ ಹೇಳಿದ್ದೂ ಇದೇ ಧಾಟಿಯಲ್ಲಿದೆ: ದೇವರ ಮನಸ್ಸು ಬದಲಿಸಲು ಯಾರೂ ಬೇಡುವುದಿಲ್ಲ, ಬೇಡಿದರೇ ಸಿಗಲಿ ಅಂತ ಅವನು ಇಟ್ಟಿರುವುದನ್ನು ಪಡೆಯಲು ಬೇಡುತ್ತಾರೆ.

ಪ್ರಶ್ನೆ: ದೇವರೇ ಇಲ್ಲ ಅಂದರೆ ಈ ತಲೆನೋವೇ ಇಲ್ಲ. ಒಪ್ಪುತ್ತೀರಾ?

ಉತ್ತರ: ಇಲ್ಲ. ಅರಿಸ್ಟಾಟಲ್ ಇದೇ ಪ್ರಶ್ನೆಯನ್ನು ದೇವರ ಹೆಸರೆತ್ತದೆ ಕೇಳಿದ್ದ. ‘ನಾಳೆ ಸಮುದ್ರದಲ್ಲಿ ಯುದ್ಧ ಆಗುತ್ತದೆ’ ಅನ್ನುವ ಮಾತು ಇವತ್ತೇ ನಿಜವಾಗಿದ್ದರೆ ಯುದ್ಧ ತಪ್ಪಿಸಲು ಯಾರಿಂದ ಆದೀತು? ಅಲ್ಲಿ ತಿಳಿದವನು ಯಾರೂ ಇಲ್ಲ, ಬರೀ ಒಂದು ವಾಕ್ಯ ಇದೆ. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್, ಈ ಕ್ಷಣದಲ್ಲಿ ಜಗತ್ತಿನ ಪ್ರತಿ ಕಣ ಎಲ್ಲಿದೆ, ಯಾವ ಬಲ ಅದನ್ನು ಎಳೆಯುತ್ತಿದೆ ಅಂತ ಗೊತ್ತಿರುವ ಬುದ್ಧಿಯೊಂದು ಇದ್ದರೆ ಅದಕ್ಕೆ ಇಡೀ ಭವಿಷ್ಯ ಕಾಣುತ್ತದೆ ಅಂದ. ಆ ಬುದ್ಧಿ ನಮ್ಮನ್ನು ಪ್ರೀತಿಸುವುದಿಲ್ಲ, ನಮ್ಮ ಬೇಡಿಕೆ ಕೇಳುವುದಿಲ್ಲ, ‘ನಿನ್ನಿಷ್ಟ’ ಅಂತಲೂ ಅನ್ನುವುದಿಲ್ಲ. ನಾಸ್ತಿಕರಿಗೆ ತಲೆನೋವು ಉಳಿಯುತ್ತದೆ, ದೂರಲು ಮಾತ್ರ ಯಾರೂ ಸಿಗುವುದಿಲ್ಲ.