ಇಲಿ ಬಿದ್ದರೆ ಊರು ಬಿಡಬೇಕು ಅಂದವರು

ಸಾಂಕ್ರಾಮಿಕ ರೋಗಗಳ ಚರಿತ್ರೆ ಬಗ್ಗೆ ಏನಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಲೇಗಿನವೇ. ಇಪ್ಪತ್ತಾರು ವರ್ಷ ಕೋಲಾರದ ಕಡೆ ಹಳ್ಳಿಗಳಲ್ಲಿ ಇಲಿ ಹಿಡಿದು, ಅದರ ಮೈ ಬಾಚಿ ಚಿಗಟ ಎಣಿಸಿದವಳು ನಾನು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಹಿಂದೆಲ್ಲ ಊರಿಗೂರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ನಮ್ಮಜ್ಜಿ ಹೇಳುತ್ತಿದ್ದರು. ಇದು ಮೂಢನಂಬಿಕೆಯೋ, ಅದರಲ್ಲೇನಾದರೂ ಅರ್ಥ ಇತ್ತೋ? (ಹಿರಿಯೂರಿನಿಂದ)

ಅರ್ಥ ಇತ್ತು. ನಿಮ್ಮ ಅಜ್ಜಿಯ ಮಾತನ್ನು ದಯವಿಟ್ಟು ಮೂಢನಂಬಿಕೆಯ ಪಟ್ಟಿಗೆ ಸೇರಿಸಬೇಡಿ.

ಹಳಬರು ಇಲಿ ‘ಸತ್ತಿತು’ ಅನ್ನುತ್ತಿರಲಿಲ್ಲ, ಇಲಿ ‘ಬಿತ್ತು’ ಅನ್ನುತ್ತಿದ್ದರು. ಆ ಮಾತಿನಲ್ಲೇ ನೋಡಿದ್ದರ ಗುರುತಿದೆ. ರೋಗ ಹಿಡಿದ ಇಲಿ ಮನುಷ್ಯರ ಭಯ ಬಿಟ್ಟು ಹಟ್ಟಹಗಲೇ ಹೊರಗೆ ಬರುತ್ತದೆ, ತೂರಾಡುತ್ತದೆ, ತೊಲೆ ಮೇಲಿಂದಲೋ ಸೂರಿನ ಸಂದಿಯಿಂದಲೋ ನಡುಮನೆಗೆ ಬೀಳುತ್ತದೆ. ಇಲಿ ಬಿದ್ದ ಕೆಲವು ದಿನಕ್ಕೆ ಮನೆಮಂದಿಗೆ ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ.

ನಡುವೆ ಆಗುವುದು ಇಷ್ಟು. ರೋಗದ ಇಲಿಯ ರಕ್ತ ಕುಡಿದ ಚಿಗಟದ ಹೊಟ್ಟೆಯ ಬಾಗಿಲಲ್ಲೇ ಬ್ಯಾಕ್ಟೀರಿಯಾ ಬೆಳೆದು ದಾರಿ ಕಟ್ಟಿಕೊಳ್ಳುತ್ತದೆ. ಎಷ್ಟು ಕುಡಿದರೂ ರಕ್ತ ಒಳಗಿಳಿಯುವುದಿಲ್ಲ. ಹಸಿವಿಗೆ ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಾಗಲೆಲ್ಲ ಗಾಯದೊಳಕ್ಕೆ ರೋಗವನ್ನೂ ಕಕ್ಕುತ್ತದೆ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟಕ್ಕೆ ಅಲ್ಲಿ ಕೆಲಸವಿಲ್ಲ. ಹತ್ತಿರ ಇರುವ ಬೆಚ್ಚನೆ ಮೈ ಹುಡುಕಿ ಹೊರಡುತ್ತದೆ. ಇಲಿಗಳೆಲ್ಲ ಸತ್ತ ಮನೆಯಲ್ಲಿ ಆ ಬೆಚ್ಚನೆ ಮೈ ಮಲಗಿರುವ ಮಗುವಿನದು.

ಇದನ್ನು ಓದಿ ತಿಳಿಯುವ ಮೊದಲೇ ನಾನು ಕೈಯಾರೆ ಕಂಡಿದ್ದೆ. ಸಂಜೆ ಬೋನಿಗೆ ಬೋಂಡಾ ಚೂರು ಸಿಕ್ಕಿಸಿ ಮನೆಮನೆಗೆ ಇಟ್ಟು ಬರುತ್ತಿದ್ದೆವು. ಬೆಳಿಗ್ಗೆ ಬೋನನ್ನು ಬಿಳಿ ಬಟ್ಟೆ ಚೀಲಕ್ಕೆ ಇಳಿಸಿ ಬಾಯಿ ಬಿಗಿದು ತರುವುದು, ಕ್ಲೋರೋಫಾರ್ಮ್ ಕೊಡುವುದು, ಬಿಳಿ ಎನಾಮಲ್ ತಟ್ಟೆಯ ಮೇಲಿಟ್ಟು ಬಾಲದಿಂದ ತಲೆ ಕಡೆಗೆ ಎದುರುಕೂದಲು ಬಾಚುವುದು. ಕಂದುಬಣ್ಣದ, ಸಾಸಿವೆಗಿಂತ ಸಣ್ಣ ಚಿಗಟಗಳು ಪಟಪಟ ಉದುರುತ್ತಿದ್ದವು. ಎಷ್ಟು ಇಲಿಗೆ ಎಷ್ಟು ಚಿಗಟ ಎಂದು ಲೆಕ್ಕ ಬರೆಯುವುದೇ ನನ್ನ ಕೆಲಸ. ಇಲಿಗೊಂದಕ್ಕಿಂತ ಹೆಚ್ಚು ಬಂದರೆ ಮೇಲಿನವರಿಗೆ ಎಚ್ಚರಿಕೆ ಕಳಿಸಬೇಕು. ಆದರೆ ರಾತ್ರಿಯೇ ಬೋನಿನಲ್ಲಿ ಸತ್ತು ಸೆಟೆದುಕೊಂಡ ಇಲಿಯನ್ನು ಬಾಚಿದರೆ ತಟ್ಟೆ ಖಾಲಿ! ಮೊದಲ ಸಲ ನಾನು ಸರಿಯಾಗಿ ಬಾಚಿಲ್ಲವೆಂದು ಮತ್ತೆ ಬಾಚಿದೆ. ಪಕ್ಕದಲ್ಲಿದ್ದ ಹಿರಿಯರು, “ಅವು ಆಗಲೇ ಮನೆ ಬದಲಾಯಿಸಿವೆ ಕಣಮ್ಮ” ಅಂದರು.

ಈಗ 1896ಕ್ಕೆ ಬನ್ನಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬೈಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ರೋಗಾಣು ಯಾವುದೆಂದು 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಕಂಡುಹಿಡಿದಿದ್ದರು. ಅದು ಮನುಷ್ಯರಿಗೆ ಹತ್ತುವ ದಾರಿ ಮಾತ್ರ ಸರ್ಕಾರಕ್ಕೆ ತಿಳಿದಿರಲಿಲ್ಲ. ಕೊಳಕು, ನೆಲ, ಗಾಳಿ ಎಂದು ನಂಬಿ ಚರಂಡಿಗಳಿಗೆ ಕಾರ್ಬಾಲಿಕ್ ಎಂಬ ಕ್ರಿಮಿನಾಶಕ ಸುರಿದರು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದು ಮನೆಗಳಿಗೆ ನುಗ್ಗಿದರು, ರೋಗಿಗಳನ್ನು ಎಳೆದೊಯ್ದರು. ಪುಣೆಯಲ್ಲಿ ಸಿಟ್ಟು ಎಷ್ಟು ಏರಿತ್ತೆಂದರೆ ಪ್ಲೇಗ್ ಅಧಿಕಾರಿ ರ‍್ಯಾಂಡನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಕೊಂದರು. ಅದೇ ಊರಿನಲ್ಲಿ ಅದೇ ವರ್ಷ ಸಾವಿತ್ರಿಬಾಯಿ ಫುಲೆ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸೋಂಕು ತಗುಲಿ ತೀರಿಕೊಂಡರು. ನನಗೆ ಆ ಪ್ಲೇಗಿನ ಚರಿತ್ರೆಯಲ್ಲಿ ಮೊದಲು ನೆನಪಾಗುವ ಹೆಸರು ಅವರದೇ.

ಇಲಿಯ ಮಾತನ್ನು ಕಿವಿಗೆ ಹಾಕಿಕೊಂಡವರು ಪೌಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು. ಕೆಲವು ರೋಗಿಗಳ ಚರ್ಮದ ಮೇಲೆ ಸಣ್ಣ ಗುಳ್ಳೆ ಕಂಡು, ಇದು ಯಾವುದೋ ಹುಳ ಕಚ್ಚಿದ್ದು ಎಂದು ಅವರಿಗೆ ಅನುಮಾನ ಬಂತು. 1898ರ ಜೂನ್ 2ರಂದು ಕರಾಚಿಯಲ್ಲಿ ಪ್ಲೇಗ್ ಹಿಡಿದ ಇಲಿಯೊಂದನ್ನು ಚಿಗಟಗಳ ಸಮೇತ ದೊಡ್ಡ ಗಾಜಿನ ಜಾಡಿಯಲ್ಲಿಟ್ಟರು. ಅದು ಸಾಯುವ ಹೊತ್ತಿಗೆ ಆರೋಗ್ಯವಾಗಿದ್ದ ಇನ್ನೊಂದು ಇಲಿಯನ್ನು ಜಾಲರಿಯ ಗೂಡಿನಲ್ಲಿ ಒಳಗೆ ತೂಗುಬಿಟ್ಟರು. ಒಂದಕ್ಕೊಂದು ಮೈ ತಾಗುವಂತಿಲ್ಲ, ಚಿಗಟ ಮಾತ್ರ ಹಾರಬಹುದು. ಕೆಲವು ದಿನಗಳಲ್ಲಿ ಎರಡನೆಯ ಇಲಿಯೂ ಸತ್ತಿತು, ಮೈತುಂಬ ಪ್ಲೇಗು. ಆಗ ಹೆಚ್ಚಿನವರು ನಂಬಲಿಲ್ಲ. ಮುಂದಿನ ದಶಕದಲ್ಲಿ ಮುಂಬೈಯಲ್ಲಿ ಕೆಲಸ ಮಾಡಿದ ಪ್ಲೇಗ್ ಆಯೋಗ ಅದನ್ನೇ ಮತ್ತೆ ಪರೀಕ್ಷಿಸಿ ಹೌದೆಂದಿತು.

ಸಿಮೊಂಡ್ ಜಾಡಿ ಇಟ್ಟ ವರ್ಷದ ಆಗಸ್ಟಿನಲ್ಲೇ ಪ್ಲೇಗು ಬೆಂಗಳೂರಿಗೂ ಬಂತು. ಹುಬ್ಬಳ್ಳಿ ಆಗಲೇ ತತ್ತರಿಸಿತ್ತು. ಆ ಹೊತ್ತಿಗೆ ಹೊಲದಲ್ಲಿ ಗುಡಿಸಲು ಹಾಕಿಕೊಂಡ ನಮ್ಮ ರೈತರು ಕರಾಚಿಯ ಸುದ್ದಿ ಕೇಳಿದವರಲ್ಲ. ಇಲಿ ಬಿದ್ದದ್ದನ್ನೂ ಆಮೇಲೆ ಜನ ಬಿದ್ದದ್ದನ್ನೂ ಕಂಡು ಲೆಕ್ಕ ಹಾಕಿದವರು.

ಒಂದು ಮಾತು ಸೇರಿಸಬೇಕು. ಊರು ಬಿಟ್ಟವರೆಲ್ಲ ಉಳಿಯಲಿಲ್ಲ. ಮನೆಯಲ್ಲಿ ಗಡ್ಡೆ ಕಂಡ ಮೇಲೆ ಹೊರಟವರಿಗೆ ತಡವಾಗಿತ್ತು. ಕಂಬಳಿ, ಕೌದಿ, ಕಾಳಿನ ಚೀಲದ ಜೊತೆ ಚಿಗಟವನ್ನೂ ಹೊತ್ತೊಯ್ದವರಿದ್ದರು. ಇನ್ನು ಮಾರಮ್ಮನಿಗೆ ನಡೆದುಕೊಂಡದ್ದು. ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗ್ ಮಾರಮ್ಮನ ಗುಡಿ ಇದೆ. ನಾನು ಹೋಗಿ ಕೈಮುಗಿದು ಬಂದಿದ್ದೇನೆ. ಮಕ್ಕಳನ್ನು ಕಳಕೊಂಡವರು ಕಟ್ಟಿಕೊಂಡ ದೇವರು ಅದು.

ಪ್ರಶ್ನೆ: ಪ್ಲೇಗ್ ಲಸಿಕೆ ಕಂಡುಹಿಡಿದವರು ಮೊದಲು ತಮಗೇ ಚುಚ್ಚಿಕೊಂಡರಂತೆ, ನಿಜವೇ? (ಧಾರವಾಡದ ವಿದ್ಯಾರ್ಥಿನಿ)

ನಿಜ ಮಗಳೇ. ವಾಲ್ಡೆಮಾರ್ ಹಾಫ್‌ಕಿನ್, ಒಡೆಸ್ಸಾದ ಯಹೂದಿ. ಮುಂಬೈಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನ ಪುಟ್ಟ ಜಾಗದಲ್ಲಿ ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧಮಾಡಿ, 1897ರ ಜನವರಿ 10ರಂದು ತಮ್ಮ ಮೇಲೇ ಪ್ರಯೋಗಿಸಿಕೊಂಡರು. ಜೋರು ಜ್ವರ ಬಂತು, ಉಳಿದರು. ಆಮೇಲೆ ಭೈಖಳಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ ಕೊಟ್ಟರು.

ನೀನು ಕೇಳದ ಮುಂದಿನ ಭಾಗವನ್ನೂ ಹೇಳುತ್ತೇನೆ, ಅದು ನನ್ನ ಮನಸ್ಸಿಗೆ ಇವತ್ತಿಗೂ ಚುಚ್ಚುತ್ತದೆ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡವರಲ್ಲಿ 19 ಜನ ಧನುರ್ವಾತದಿಂದ ಸತ್ತರು. ಎಲ್ಲರೂ ಒಂದೇ ಸೀಸೆಯಿಂದ ಪಡೆದವರು. ಹಾಫ್‌ಕಿನ್ ಮೇಲೆ ತಪ್ಪು ಹೊರಿಸಿ ಹುದ್ದೆಯಿಂದ ಕೆಳಗಿಳಿಸಿದರು. ಆ ಸೀಸೆಯ ಬಿರಡೆ ತೆಗೆಯುವಾಗ ಚಿಮಟ ಕೈಜಾರಿ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಮತ್ತೆ ಬಳಸಿದ್ದರು. ಇದನ್ನು ಎತ್ತಿ ತೋರಿಸಿ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು 1907ರಲ್ಲಿ ಪತ್ರಿಕೆಗೆ ಬರೆದ ಮೇಲೆ ಕಳಂಕ ತೊಳೆಯಿತು. ಐದು ವರ್ಷ! 1925ರಲ್ಲಿ ಅವರ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಟ್ಟರು. ಮುಂಬೈಗೆ ಹೋದರೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ನೋಡಿ ಬಾ.

ಪ್ರಶ್ನೆ: 1918ರ ಇನ್‌ಫ್ಲುಯೆಂಜಾದಲ್ಲಿ ಪ್ಲೇಗಿಗಿಂತ ಹೆಚ್ಚು ಜನ ಸತ್ತರೇ? (ಶಿರಸಿ)

ಭಾರತದಲ್ಲಿ ಪ್ಲೇಗು ಹಲವು ದಶಕಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ಇನ್‌ಫ್ಲುಯೆಂಜಾ ಅಷ್ಟನ್ನು ಕೆಲವೇ ತಿಂಗಳಲ್ಲಿ ಮಾಡಿತು. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆ ಏರುವ ಬದಲು ಇಳಿಯಿತು. ನಮ್ಮ ಮನೆಗಳಲ್ಲಿ ಪ್ಲೇಗಿನ ಕಥೆಗಳೇ ಉಳಿದಿವೆ. ಜ್ವರ ಬಂದು ಹೋದದ್ದಕ್ಕಿಂತ ಊರು ಬಿಟ್ಟು ಗುಡಿಸಲಲ್ಲಿ ಕಳೆದ ದಿನಗಳನ್ನು ಮಕ್ಕಳಿಗೆ ಹೇಳುವುದು ಸುಲಭ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಪ್ಲೇಗು ಈಗ ಇಲ್ಲ ಅಲ್ಲವೇ? (ಮುಳಬಾಗಿಲು)

ಇದೆ. 2017ರಲ್ಲಿ ಮಡಗಾಸ್ಕರ್‌ನಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕೋಲಾರ ಜಿಲ್ಲೆಯಲ್ಲಿ 1966ರವರೆಗೂ ಇತ್ತು. 1994ರಲ್ಲಿ ಸೂರತ್, 2002ರಲ್ಲಿ ಹಿಮಾಚಲ ಪ್ರದೇಶ. ಕಾಡಿಲಿ, ಹೊಲದ ಇಲಿಗಳಲ್ಲಿ ಅದು ಸದ್ದಿಲ್ಲದೆ ಉಳಿದಿರಬಲ್ಲದು. ಹೆದರಬೇಡಿ, ಬೇಗ ಹೋದರೆ ಸ್ಟ್ರೆಪ್ಟೊಮೈಸಿನ್, ಡಾಕ್ಸಿಸೈಕ್ಲಿನ್‌ನಂಥ ಔಷಧಿಗೆ ಬಗ್ಗುವ ರೋಗ. ಶ್ವಾಸಕೋಶಕ್ಕೆ ಇಳಿದರೆ ಮಾತ್ರ ಒಂದು ದಿನವೂ ಕಾಯುವಂತಿಲ್ಲ.

ವಿಷ ಇಡದೆಯೇ ಮನೆಯಲ್ಲೋ ಕಣದಲ್ಲೋ ಸಾಲಾಗಿ ಇಲಿಗಳು ಸತ್ತು ಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಉಳಿದವನ್ನು ಕೊಲ್ಲಲು ತಕ್ಷಣ ಪಾಷಾಣ ಇಡಲೂಬೇಡಿ, ಚಿಗಟಗಳೆಲ್ಲ ನಿಮ್ಮ ಮೇಲೆ ಬರುತ್ತವೆ. ಮೊದಲು ಬಿಲಕ್ಕೆ ಚಿಗಟ ಸಾಯುವ ಪುಡಿ, ಇಲಿಯ ಸರದಿ ಆಮೇಲೆ. ಅದನ್ನು ಇಲಾಖೆಯವರು ಮಾಡಲಿ. ನೀವು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅವತ್ತೇ ತಿಳಿಸಿ. ಯಾವ ಮನೆ, ಯಾವ ದಿನ, ಎಷ್ಟು ಇಲಿ, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ.